ಅಟ್ಟದ ಮೇಲಿನ ಇಲಿ: ದಾಸ್ತಾನಿಗೂ ಲೆಕ್ಕಪತ್ರಕ್ಕೂ ಕುತ್ತು

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳ ಹಳೆಯ ಮಳಿಗೆಗಳಲ್ಲಿ ಅಟ್ಟವೆಂಬುದು ಬೇಡದ ಸಾಮಾನು ಎಸೆಯುವ ಜಾಗವಲ್ಲ. ಕೆಳಗೆ ಗಾದಿ, ಗಲ್ಲಾಪೆಟ್ಟಿಗೆ, ತಕ್ಕಡಿ. ಮೇಲೆ ಖಾಲಿ ಗೋಣಿಚೀಲ, ಹೆಚ್ಚುವರಿ ದಾಸ್ತಾನು ಮತ್ತು ಹುರಿಯಿಂದ ಬಿಗಿದು ಕಟ್ಟಿಟ್ಟ ಹಿಂದಿನ ವರ್ಷಗಳ ಖಾತೆ ಪುಸ್ತಕಗಳು. ರಾತ್ರಿ ಬಾಗಿಲು ಎಳೆಯುವ ವೇಳೆಗೆ ಅಲ್ಲಿ ಆರಂಭವಾಗುವ ಓಡಾಟವನ್ನೂ ಕಡಿಯುವ, ಕೆರೆಯುವ ಸದ್ದನ್ನೂ ವರ್ತಕರು ವ್ಯಾಪಾರದ ಒಂದು ಅಂಗವೆಂಬಂತೆ ಸಹಿಸಿಕೊಂಡು ಬಂದಿದ್ದಾರೆ. ಸದ್ದು ತೀರಾ ಹೆಚ್ಚಾದಾಗ ಹತ್ತಾರು ರೂಪಾಯಿಯ ಪಾಷಾಣದ ಪೊಟ್ಟಣವೊಂದು ಅಟ್ಟವೇರುತ್ತದೆ. ಇದು ಅತ್ಯಂತ ಅಗ್ಗದ ಉಪಾಯದಂತೆ ತೋರಿದರೂ ಲೆಕ್ಕ ಹಾಕಿ ನೋಡಿದಲ್ಲಿ ಅತ್ಯಂತ ದುಬಾರಿಯಾದದ್ದು.

ಅಟ್ಟದಲ್ಲಿರುವುದು ಸಾಮಾನ್ಯವಾಗಿ ಹೆಗ್ಗಣವಲ್ಲ. ಹೆಗ್ಗಣ ನೆಲದ ಪ್ರಾಣಿ. ಚರಂಡಿ ಮತ್ತು ಬಿಲ ಅದರ ನೆಲೆ. ತೊಲೆ, ಜಂತೆ, ಕೇಬಲ್ ತಂತಿಗಳ ಮೇಲೆ ನಡೆದು ಮಾಡು ಸೇರುವುದು ಉದ್ದ ಬಾಲದ ಮನೆಯಿಲಿ. ಗೋಣಿಚೀಲಗಳ ಜೊತೆಗೆ ಲಾರಿಯಲ್ಲಿಯೇ ಬಂದಿಳಿಯುವುದು ಚಿಟ್ಟಿಲಿ. ಸಂಜೆ ಕತ್ತಲಾದ ಕೂಡಲೇ ಮತ್ತು ಬೆಳಗಿನ ಜಾವ ಸದ್ದು ಹೆಚ್ಚಿದ್ದರೆ ಅದು ಇಲಿ. ಹಾಡುಹಗಲಿನಲ್ಲಿ ಓಡಾಟ ಕೇಳಿಸಿದರೆ ಬಹುಶಃ ಅಳಿಲು, ಅದಕ್ಕೆ ಪಾಷಾಣದ ಮಾತೇ ಸಲ್ಲದು. ಸಂಶಯವಿದ್ದಲ್ಲಿ ಅಟ್ಟದ ಅಂಚಿನಲ್ಲಿ ರಂಗೋಲಿ ಪುಡಿಯನ್ನು ತೆಳುವಾಗಿ ಉದುರಿಸಿಟ್ಟರೆ ಬೆಳಗಾಗುವುದರೊಳಗೆ ಹೆಜ್ಜೆ ಗುರುತು ಉತ್ತರ ಹೇಳುತ್ತದೆ. ಬಂದ ದಾರಿಯೂ ಅದರಿಂದಲೇ ತಿಳಿಯುತ್ತದೆ, ಮುಖ್ಯವಾಗಿ ಬೇಕಾದದ್ದು ಅದೇ.

ನಷ್ಟದ ನಿಜವಾದ ಮೊತ್ತ

ಒಂದು ಇಲಿ ದಿನಕ್ಕೆ ಸುಮಾರು 20 ಗ್ರಾಂ ಧಾನ್ಯ ತಿನ್ನುತ್ತದೆಂದು ಇಟ್ಟುಕೊಂಡರೆ ಹತ್ತು ಇಲಿಗಳು ವರ್ಷಕ್ಕೆ ತಿನ್ನುವುದು 73 ಕಿಲೋ, ಅಂದರೆ ಒಂದೂವರೆ ಚೀಲ. ಅಕ್ಕಿ, ಮೆಕ್ಕೆಜೋಳದ ವಹಿವಾಟು ನಡೆಸುವವರಿಗೆ ಇದು ದೊಡ್ಡ ಮೊತ್ತವೆನಿಸದು. ಆದರೆ ಇಲಿ ತಿನ್ನುವುದಕ್ಕಿಂತ ಕೆಡಿಸುವುದೇ ಹೆಚ್ಚು. ಹರಿದ ಚೀಲ, ಸೋರಿದ ಕಾಳು, ಮೂತ್ರ ಹಿಕ್ಕೆಗಳಿಂದ ಮಲಿನವಾಗಿ ಮಾರಲು ಬಾರದ ಮಾಲು, ಇವೆಲ್ಲ ಸೇರಿದಾಗಲೇ ನಷ್ಟದ ಪೂರ್ಣ ಚಿತ್ರ ದೊರೆಯುತ್ತದೆ. ಇಲಿಯ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುವುದರಿಂದ ಅದು ಹಸಿವಿಲ್ಲದಿದ್ದರೂ ಕಡಿಯುತ್ತದೆ. ಬಟ್ಟೆ ಅಂಗಡಿಯ ಥಾನಿನಲ್ಲಿ ಒಂದೇ ಒಂದು ತೂತು ಬಿದ್ದರೆ ಇಡೀ ಥಾನು ಕಟ್‌ಪೀಸ್ ಆಗುತ್ತದೆ. ಹರಿಹರದಲ್ಲಿ, 1941ರಲ್ಲಿ ಆರಂಭವಾಗಿ ಅನಂತರ ಮುಚ್ಚಿಹೋದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಆಸರೆಯಲ್ಲಿ ಬೆಳೆದ ಯಂತ್ರೋಪಕರಣ ಕಸುಬಿನವರಿಗೆ ಅಪಾಯ ಇನ್ನೊಂದು ಬಗೆಯದು. ವಿದ್ಯುತ್ ಫಲಕದೊಳಗಿನ ತಂತಿಯ ಹೊದಿಕೆಯನ್ನು ಇಲಿ ಕಡಿದರೆ ಯಂತ್ರ ನಿಲ್ಲುತ್ತದೆ, ಕೆಲವೊಮ್ಮೆ ಬೆಂಕಿಯೇ ಹೊತ್ತಿಕೊಳ್ಳುತ್ತದೆ.

ವಿಮೆ ಇದೆಯಲ್ಲ ಎಂಬ ಧೈರ್ಯವೂ ಪೂರ್ತಿ ಸರಿಯಲ್ಲ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಭಾರತ್ ಲಘು ಉದ್ಯಮ ಸುರಕ್ಷಾ ಪಾಲಿಸಿಗಳು ಬೆಂಕಿ, ಸಿಡಿಲು, ನೆರೆ ಮುಂತಾದ ಹೆಸರಿಸಿದ ಅಪಾಯಗಳಿಗೆ ಮಾತ್ರ ರಕ್ಷಣೆ ನೀಡುತ್ತವೆ. ಇಲಿ ಕಡಿದು ಆದ ಹಾನಿ ಆ ಪಟ್ಟಿಯಲ್ಲಿಲ್ಲ. ತಂತಿ ಕಡಿದು ಬೆಂಕಿ ಬಿದ್ದಾಗ ಬೆಂಕಿಯ ನಷ್ಟಕ್ಕೆ ಹಕ್ಕು ಸಾಧಿಸಬಹುದಾದರೂ ಸರ್ವೇಯರ್ ಮೊದಲು ಕೇಳುವುದು ವೈರಿಂಗ್ ನಿರ್ವಹಣೆಯ ದಾಖಲೆಯನ್ನು.

ತೆರಿಗೆಯ ಬಾಬತ್ತು ಹಲವರ ಗಮನಕ್ಕೇ ಬಂದಿಲ್ಲ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 17(5)(ಎಚ್) ಪ್ರಕಾರ ಕಳೆದುಹೋದ, ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ, ಪಡೆದಿದ್ದರೆ ಹಿಂದಿರುಗಿಸಬೇಕು. ಉದಾಹರಣೆಗೆ, 60,000 ರೂಪಾಯಿಯ ಬಟ್ಟೆಯ ಮೇಲೆ ಶೇ. 5ರಂತೆ 3,000 ರೂಪಾಯಿ ಜಮೆ ಪಡೆದ ವರ್ತಕನು ಅದನ್ನು ಇಲಿ ಹಾಳುಮಾಡಿತೆಂದು ಲೆಕ್ಕದಿಂದ ಕೈಬಿಟ್ಟರೆ ಆ 3,000 ರೂಪಾಯಿಯೂ ಕೈಬಿಡುತ್ತದೆ. ಅದೇ ಬಟ್ಟೆಯನ್ನು ಕಟ್‌ಪೀಸ್ ಆಗಿ ಕಡಿಮೆ ದರಕ್ಕೆ ಬಿಲ್ ಹಾಕಿ ಮಾರಿದರೆ ಮಾರಾಟದ ಮೊತ್ತಕ್ಕೆ ತೆರಿಗೆ ಸಲ್ಲಿಸಿದರೆ ಸಾಕು, ಜಮೆ ಉಳಿಯುತ್ತದೆ. ಆದ್ದರಿಂದ ಹಾನಿಯಾದ ಮಾಲನ್ನು ಆತುರದಿಂದ ತಿಪ್ಪೆಗೆ ಹಾಕುವ ಮೊದಲು ವಿಚಾರ ಮಾಡುವುದು ಒಳ್ಳೆಯದು. ಆಹಾರ ಪದಾರ್ಥಕ್ಕೆ ಮಾತ್ರ ಈ ಮಾರ್ಗವಿಲ್ಲ, ಮಲಿನವಾದುದನ್ನು ನಾಶಪಡಿಸಲೇಬೇಕು. ಎರಡೂ ಸಂದರ್ಭಗಳಲ್ಲಿ ಛಾಯಾಚಿತ್ರ, ದಿನಾಂಕ ಮತ್ತು ದಾಸ್ತಾನು ಪುಸ್ತಕದ ನಮೂದು ಇರತಕ್ಕದ್ದು. ನಾಶವಾದ ಸರಕಿನ ಲೆಕ್ಕ ಇಡುವುದನ್ನು ನಿಯಮ 56 ಕಡ್ಡಾಯಗೊಳಿಸಿದೆ.

ಪಂಚತಂತ್ರದ ವರ್ತಕನೊಬ್ಬ, ನಂಬಿ ಒಪ್ಪಿಸಿದ ಕಬ್ಬಿಣದ ತಕ್ಕಡಿಯನ್ನು ಇಲಿ ತಿಂದಿತೆಂದು ಹೇಳಿ ಕೊನೆಗೆ ಪೇಚಿಗೆ ಸಿಲುಕಿದ. ಖಾತೆ ಪುಸ್ತಕವನ್ನು ಇಲಿ ತಿಂದಿತೆಂಬ ಉತ್ತರ ನಿಜವೇ ಆಗಿದ್ದರೂ ಅಧಿಕಾರಿಗಳ ಮುಂದೆ ಅದಕ್ಕೆ ಸಿಗುವ ಬೆಲೆ ಅಷ್ಟೆ. ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. 2023–24ನೇ ಸಾಲಿನ ಪುಸ್ತಕಗಳನ್ನು 2030ರ ಡಿಸೆಂಬರ್ ಅಂತ್ಯದವರೆಗೆ ಇಡಬೇಕಾಗುತ್ತದೆ. ಮೇಲ್ಮನವಿ ಬಾಕಿ ಇದ್ದಲ್ಲಿ ಇನ್ನೂ ಹೆಚ್ಚು ಕಾಲ. ಅಟ್ಟದ ಗೋಣಿಚೀಲಗಳ ನಡುವೆ ಅಷ್ಟು ವರ್ಷ ಕಾಗದ ಉಳಿಯುವುದೆಂಬ ನಂಬಿಕೆ ಬೇಡ. ತಗಡಿನ ಟ್ರಂಕು ಅಥವಾ ಉಕ್ಕಿನ ಕಪಾಟು ಒಂದು ಸಲದ ಖರ್ಚು.

ಪಾಷಾಣ ಏಕೆ ಬೇಡ

ಪಾಷಾಣ ತಿಂದ ಇಲಿ ಬಯಲಿಗೆ ಹೋಗಿ ಸಾಯುತ್ತದೆಂಬುದು ಅಂಗಡಿಯವರ ಮಾತು. ಸಾಯುವುದು ಸಾಮಾನ್ಯವಾಗಿ ಮಾಡಿನ ಸಂದಿಯಲ್ಲಿ, ಜಿಪ್ಸಂ ಹೊದಿಕೆಯ ಮೇಲ್ಗಡೆ, ಕೈಗೆ ಸಿಗದ ಕಡೆ. ಮುಂದಿನ ಎರಡು ವಾರ ಗ್ರಾಹಕರು ಮೂಗು ಮುಚ್ಚಿಕೊಂಡು ಹೊರಡುತ್ತಾರೆ. ಸತುವಿನ ಫಾಸ್ಫೈಡ್ ಹೊಟ್ಟೆಯಲ್ಲಿ ವಿಷಾನಿಲ ಬಿಡುತ್ತದೆ. ಮನುಷ್ಯನ ದೇಹ ಸೇರಿದರೆ ಅದಕ್ಕೆ ಪ್ರತ್ಯೌಷಧವಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೋಮಡಿಯೊಲೋನ್ ಬಿಲ್ಲೆಗೆ ವಿಟಮಿನ್ ಕೆ1 ಪ್ರತ್ಯೌಷಧವಿದೆಯಾದರೂ ಅದರ ಚೂರು ಕೆಳಗಿನ ಅಕ್ಕಿಯ ರಾಶಿಗೆ ಬಿದ್ದರೆ ಪರಿಣಾಮವನ್ನು ಊಹಿಸಿಕೊಳ್ಳಬಹುದು. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿದ್ಯಾರ್ಥಿನಿಲಯವೊಂದರಲ್ಲಿ ಇಲಿ ಪಾಷಾಣ ಸಿಂಪಡಿಸಿದ ಮೇಲೆ ಉಸಿರಾಟದ ತೊಂದರೆಯಿಂದ 19 ವಿದ್ಯಾರ್ಥಿಗಳು ಆಸ್ಪತ್ರೆ ಸೇರಿದರು. ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿ, ಕಿರಾಣಿ ಮಳಿಗೆಗಳ ಅಟ್ಟದಲ್ಲಿ ಪಾಷಾಣಕ್ಕೆ ಸ್ಥಾನವೇ ಇರಕೂಡದು. ಅನಿವಾರ್ಯವಾದಲ್ಲಿ ಕಟ್ಟಡದ ಹೊರಗೆ, ಬೀಗವಿರುವ ಪೆಟ್ಟಿಗೆಯೊಳಗೆ, 1968ರ ಕೀಟನಾಶಕ ಕಾಯ್ದೆಯಂತೆ ಪರವಾನಗಿ ಪಡೆದವರಿಂದಲೇ ಇಡಿಸತಕ್ಕದ್ದು.

ಹಾಗೆಂದು ಇಲಿಯನ್ನು ಬಿಟ್ಟುಕೊಂಡಿರಲೂ ಆಗದು. 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ಅನಾರೋಗ್ಯಕರ ಪರಿಸರದಲ್ಲಿ ಆಹಾರ ತಯಾರಿಸಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಇಲಿಜ್ವರದ ಭಯವೂ ಇದೆ. ಹಿಂದಿನ ಪೀಳಿಗೆಯವರಿಗೆ ಇದಕ್ಕಿಂತ ದೊಡ್ಡ ಭಯವಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ತಲುಪಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲು ಹಾದುಹೋಗುವುದು ಹರಿಹರ, ದಾವಣಗೆರೆಗಳ ಮೇಲೆಯೇ. ಇಲಿ ಬಿದ್ದಿತೆಂದರೆ ಊರು ಬಿಡುವ ಕಾಲವದು.

ಅಂಟಿನ ಹಲಗೆಗಳ ಬಳಕೆ ಬೇಡವೆಂಬುದು ಪ್ರಾಣಿ ಕಲ್ಯಾಣ ಮಂಡಳಿಯ ನಿಲುವು. ನೋಡಲೂ ಅದು ಹಿಂಸೆಯೇ. ಕೇಳಿಸದ ಶಬ್ದ ಹೊರಡಿಸಿ ಇಲಿ ಓಡಿಸುವುದೆಂಬ ವಿದ್ಯುತ್ ಉಪಕರಣಗಳ ಬಗ್ಗೆ ಅಮೆರಿಕದ ವ್ಯಾಪಾರ ಆಯೋಗವು 2001ರಲ್ಲಿಯೇ 60ಕ್ಕೂ ಹೆಚ್ಚು ತಯಾರಕರು ಮತ್ತು ಮಾರಾಟಗಾರರಿಗೆ ಎಚ್ಚರಿಕೆ ಪತ್ರ ಬರೆದಿತ್ತು. ಇಲಿ ಆ ಶಬ್ದಕ್ಕೆ ಬೇಗ ಒಗ್ಗಿಕೊಳ್ಳುತ್ತದೆ. ಉಪಕರಣ ಕೊಂಡವರೂ ಒಗ್ಗಿಕೊಳ್ಳುತ್ತಾರೆ.

ದಾರಿ ಮುಚ್ಚುವ ಕ್ರಮ

ಫಲ ಕೊಡುವುದು ಗಾರೆ ಕೆಲಸ. ಚಿಟ್ಟಿಲಿಗೆ ಆರು ಮಿಲಿಮೀಟರ್ ಸಂದಿ ಸಾಕು, ಅಂದರೆ ಪೆನ್ಸಿಲ್ ತೂರುವಷ್ಟು. ದೊಡ್ಡ ಇಲಿಗೆ ಹೆಬ್ಬೆರಳು ಹೋಗುವಷ್ಟು. ಹೆಂಚು ಮತ್ತು ಗೋಡೆಯ ನಡುವಿನ ಸಂದಿ, ತೊಲೆ ಗೋಡೆ ಸೇರುವೆಡೆ, ಪೈಪು ಮತ್ತು ತಂತಿ ಒಳಬರುವ ತೂತು, ಶಟರಿನ ಎರಡು ತುದಿಗಳು, ಇವನ್ನು ಹಗಲಿನಲ್ಲಿ ದೀಪ ಆರಿಸಿ ಒಳಗಿನಿಂದ ನೋಡಿದರೆ ಬೆಳಕು ಬರುವ ಕಡೆಯೆಲ್ಲ ಗುರುತಾಗುತ್ತದೆ. ಕಾಲಂಗುಲದ ಕಬ್ಬಿಣದ ಜಾಲರಿ, ಸಿಮೆಂಟ್ ಗಾರೆ, ಬಾಗಿಲ ಅಡಿಗೆ ತಗಡು. ಪ್ಲಾಸ್ಟಿಕ್, ಥರ್ಮೋಕೋಲ್ ಮತ್ತು ಫೋಮ್‌ಗಳನ್ನು ಇಲಿ ಒಂದೇ ರಾತ್ರಿಯಲ್ಲಿ ಕಡಿದು ಹಾಕುತ್ತದೆ.

ಆದರೆ ಎಲ್ಲವನ್ನೂ ಒಮ್ಮೆಗೇ ಮುಚ್ಚಿದರೆ ಒಳಗಿನ ಇಲಿ ಒಳಗೇ ಉಳಿದು ಹೊಸ ದಾರಿ ಕಡಿಯುತ್ತದೆ. ಒಂದು ದಾರಿ ಬಿಟ್ಟು ಉಳಿದವನ್ನು ಮುಚ್ಚಿ, ಅದರ ಬಳಿ ಮತ್ತು ಗೋಡೆಯ ಅಂಚಿಗೆ ಬೋನುಗಳನ್ನಿಡಬೇಕು. ಮನೆಯಿಲಿ ಹೊಸ ವಸ್ತುವನ್ನು ಕಂಡರೆ ಅಂಜುತ್ತದೆ. ಆದ್ದರಿಂದ ಮೊದಲ ಮೂರು ನಾಲ್ಕು ರಾತ್ರಿ ಬೋನಿನ ಕುಣಿಕೆ ಹೂಡದೆ ಹುರಿದ ಶೇಂಗಾ ಅಥವಾ ಒಣಕೊಬ್ಬರಿ ಮಾತ್ರ ಇಟ್ಟಿರಬೇಕು. ತಿನ್ನಲು ಕೊರತೆಯಿಲ್ಲದ ಧಾನ್ಯದ ಗೋದಾಮಿನಲ್ಲಿ ತಿಂಡಿಗಿಂತ ನೀರಿನ ಬಟ್ಟಲೇ ಹೆಚ್ಚು ಆಕರ್ಷಣೆ. ಮೂರು ನಾಲ್ಕು ರಾತ್ರಿ ಸದ್ದಿಲ್ಲವೆಂದು ಖಚಿತವಾದ ಮೇಲೆ ಕೊನೆಯ ದಾರಿಯನ್ನೂ ಮುಚ್ಚುವುದು. ಗಲ್ಲಾದ ಮೇಲೆ ಗಣಪತಿಯ ಪಟವಿರಿಸಿಕೊಂಡವರು ಅವನ ವಾಹನವನ್ನು ಕೊಲ್ಲಲು ಹಿಂಜರಿಯುವುದು ಸಹಜ. ಅಂಥವರಿಗೆ ದಾರಿ ಮುಚ್ಚುವ ಕ್ರಮವೇ ಹೆಚ್ಚು ಒಪ್ಪುವಂಥದು. ಬೋನಿನ ಇಲಿಯನ್ನು ಪಕ್ಕದ ಓಣಿಯಲ್ಲಿ ಬಿಡುವುದರಿಂದ ಪುಣ್ಯವೇನೋ ಬರಬಹುದು, ಇಲಿಯೂ ಮರಳಿ ಬರುತ್ತದೆ.

ಈ ಪೇಟೆಗಳಲ್ಲಿ ಇನ್ನೊಂದು ತೊಡಕಿದೆ. ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡ ಮಳಿಗೆಗಳ ಸಾಲಿನಲ್ಲಿ ತೊಲೆಗಳು ಸಾಮಾನ್ಯ ಗೋಡೆಯೊಳಗೆ ಸೇರಿರುತ್ತವೆ. ಒಬ್ಬರು ತಮ್ಮ ಅಟ್ಟ ಭದ್ರಪಡಿಸಿದರೆ ಇಲಿ ನೆರೆಯವರ ದಾಸ್ತಾನಿಗೆ ವರ್ಗವಾಗುತ್ತದಷ್ಟೆ. ಸಾಲಿನವರೆಲ್ಲರೂ ಒಂದೇ ವಾರದಲ್ಲಿ ಕೆಲಸ ಮಾಡಿಸುವುದು ಇದಕ್ಕೆ ಪರಿಹಾರ. ಲಕ್ಷ್ಮೀಪೂಜೆಗೆ ಹೇಗೂ ಅಟ್ಟ ತೆಗೆದು ಸ್ವಚ್ಛಗೊಳಿಸುವ ರೂಢಿ ಇರುವುದರಿಂದ ದೀಪಾವಳಿಯ ಹಿಂದಿನ ವಾರ ಅನುಕೂಲ. ಒಬ್ಬನೇ ಗಾರೆ ಮೇಸ್ತ್ರಿಯನ್ನು ಗೊತ್ತುಪಡಿಸಿ, ಜಾಲರಿಯ ಸುರುಳಿಯನ್ನು ಸಗಟಿನಲ್ಲಿ ತಂದು, ಖರ್ಚನ್ನು ಮಳಿಗೆಯ ಮುಂಭಾಗದ ಅಡಿಗಳ ಲೆಕ್ಕದಲ್ಲಿ ಹಂಚಿಕೊಳ್ಳಬಹುದು. ಪ್ರತಿಯೊಬ್ಬರೂ ತಮ್ಮ ಪಾಲಿನ ಬಿಲ್ಲನ್ನು ತಮ್ಮ ಹೆಸರಿಗೇ ಪಡೆದು ದುರಸ್ತಿ ಖಾತೆಗೆ ಹಾಕಿಕೊಳ್ಳುವುದು ಸೂಕ್ತ. ಒಬ್ಬರ ಹೆಸರಿನಲ್ಲಿ ಇಡೀ ಸಾಲಿನ ಬಿಲ್ಲು ಬಂದರೆ ಉಳಿದವರ ಪುಸ್ತಕದಲ್ಲಿ ಆ ಖರ್ಚಿಗೆ ಆಧಾರವಿರುವುದಿಲ್ಲ.