ರಜಾಕಾರ್ ಅಂದರೆ ಯಾರು, ಉಸ್ತಾದ್?

ಸೆಪ್ಟೆಂಬರ್ 17ರ ಸಂಜೆ. ಮಗ್ರಿಬ್ ಮುಗಿದು ಮದ್ರಸದ ತರಗತಿ ಶುರುವಾಗಿತ್ತು. ಸದಾ ಮುಂದಿನ ಸಾಲಿನಲ್ಲಿ ಕೂರುವ ಹುಡುಗನೊಬ್ಬ ಅಂದು ಹಿಂದೆ ಗೋಡೆಗೆ ಒರಗಿ ಕೂತಿದ್ದ. ಕಿತಾಬು ತೆರೆದಿರಲಿಲ್ಲ. "ಏನಾಯ್ತು ಮೋನೆ?" ಅಂತ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಸ್ತಾದ್, ರಜಾಕಾರ್ ಅಂದರೆ ಯಾರು? ನಾವಾ?" ಅಂದ.

ಅಂದು ಬೆಳಗ್ಗೆ ಅವನ ಶಾಲೆಯಲ್ಲಿ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣ ನಡೆದಿತ್ತು. ಭಾಷಣದಲ್ಲಿ ರಜಾಕಾರರ ದೌರ್ಜನ್ಯದ ಮಾತು ಬಂದಿತ್ತು. ಆಮೇಲೆ ಆಟದಲ್ಲಿ ಜಗಳವಾದಾಗ ಜೊತೆಯ ಹುಡುಗನೊಬ್ಬ ಇವನಿಗೆ "ಹೋಗೋ ರಜಾಕಾರ" ಅಂದಿದ್ದ.

ಈ ಹುಡುಗನ ಉಪ್ಪ ಬಂಟ್ವಾಳ ಕಡೆಯವರು. ಘಟ್ಟ ಹತ್ತಿ ಬಂದು ಟಿ.ಬಿ. ಡ್ಯಾಂನಲ್ಲಿ ಸಣ್ಣ ಬೇಕರಿ ಇಟ್ಟುಕೊಂಡಿದ್ದಾರೆ. ಮನೆಯಲ್ಲಿ ಬ್ಯಾರಿ ಭಾಷೆ. ಇಲ್ಲಿನ ಮುಸ್ಲಿಮರಾಡುವ ಉರ್ದು ಹುಡುಗನಿಗೆ ಅರ್ಧಂಬರ್ಧ. 1948ರಲ್ಲಿ ನಮ್ಮ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ನಮ್ಮ ಕರಾವಳಿಗೂ ರಜಾಕಾರರಿಗೂ ಸಂಬಂಧವೇ ಇಲ್ಲ. ಆದರೂ ಮುಕ್ಕಾಲು ಶತಮಾನ ದಾಟಿದ ಮೇಲೆ ಆ ಹೆಸರು ಬೇಕರಿಯವರ ಮಗನ ತಲೆ ಮೇಲೆ ಬಂದು ಬಿತ್ತು. ಕೆಲವರು ಮಾಡಿದ ಕೆಲಸದ ಕಳಂಕ ಎಷ್ಟು ದೂರ, ಎಷ್ಟು ಕಾಲ ನಡೆದು ಬರುತ್ತದೆ ನೋಡಿ.

ಮರುದಿನ ಅವನ ಉಪ್ಪ ಬಂದರು. "ಉಸ್ತಾದೇ, ಈ ವಿಷಯ ಮಕ್ಕಳ ಹತ್ತಿರ ಮಾತಾಡಬೇಡಿ. ಸುಮ್ಮನಿದ್ದರೆ ಮರೆತುಬಿಡ್ತಾನೆ" ಅಂದರು. ಅವರ ಭಯ ನಮಗೆ ಅರ್ಥವಾಗದ್ದಲ್ಲ. ಆದರೆ ಸುಮ್ಮನಿದ್ದರೆ ಮಗು ಮರೆಯುವುದಿಲ್ಲ, ಉತ್ತರವನ್ನು ಬೇರೆಯವರ ಮೊಬೈಲ್‌ನಲ್ಲಿ ಹುಡುಕುತ್ತದೆ. ಅಲ್ಲಿ ಸಿಗುವ ಉತ್ತರ ಎರಡೇ. ಒಂದು, 'ಇವರೆಲ್ಲ ರಜಾಕಾರರೇ' ಅನ್ನುವುದು. ಇನ್ನೊಂದು, 'ರಜಾಕಾರರು ನಮ್ಮ ವೀರರು' ಅನ್ನುವುದು. ಎರಡೂ ವಿಷ. ಅದಕ್ಕೇ ಉಪ್ಪನ ಒಪ್ಪಿಗೆ ಪಡೆದು ಮಕ್ಕಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಅದನ್ನೇ ಇಲ್ಲಿ ಓದುಗರ ಮುಂದೆ ಇಡುತ್ತಿದ್ದೇವೆ.

ರಜಾಕಾರ್ ಅನ್ನುವ ಪದದ ಅರ್ಥ ಸ್ವಯಂಸೇವಕ. ಒಳ್ಳೆಯ ಪದವೇ. 1947ರಲ್ಲಿ ದೇಶ ಸ್ವತಂತ್ರವಾದಾಗ ಹೈದರಾಬಾದಿನ ನಿಜಾಮ ಭಾರತಕ್ಕೆ ಸೇರಲಿಲ್ಲ. ಆಗ ತುಂಗಭದ್ರೆಯೇ ಗಡಿ. ಈಚೆ ದಂಡೆಯ ಹೊಸಪೇಟೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆಚೆ ದಂಡೆಯ ಮುನಿರಾಬಾದ್, ಕೊಪ್ಪಳ, ಗಂಗಾವತಿ ನಿಜಾಮನ ಸಂಸ್ಥಾನದಲ್ಲಿದ್ದವು. ಈ ಅಣೆಕಟ್ಟನ್ನು ಮದ್ರಾಸ್ ಮತ್ತು ಹೈದರಾಬಾದ್ ಸರಕಾರಗಳು 1945ರಲ್ಲಿ ಸೇರಿ ಆರಂಭಿಸಿದ್ದವು. ನೀರಿಗಾಗಿ ಎರಡು ದಂಡೆಯವರು ಕೈ ಜೋಡಿಸಿದ್ದ ಅದೇ ಕಾಲದಲ್ಲಿ ಆಚೆ ದಂಡೆಯಲ್ಲಿ ದ್ವೇಷದ ಮಾತು ಜೋರಾಗುತ್ತಿತ್ತು.

ಲಾತೂರಿನ ವಕೀಲ ಖಾಸಿಂ ರಝ್ವಿ 1946ರಲ್ಲಿ ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ ನಾಯಕನಾದ. ಅವನ ಕೈಕೆಳಗೆ ರಜಾಕಾರರ ಪಡೆ ಬೆಳೆಯಿತು. ಆತ ಮಾತುಗಾರ. ದಿಲ್ಲಿಯ ಕೆಂಪುಕೋಟೆಯ ಮೇಲೆ ನಿಜಾಮನ ಬಾವುಟ ಹಾರಿಸುವ ಮಾತಾಡಿದ. ಕೇಳಿದ ಹುಡುಗರಿಗೆ ರೋಮಾಂಚನ. ಆದರೆ ಹಳ್ಳಿಗಳಲ್ಲಿ ನಡೆದದ್ದೇನು? ಊರೂರಿಗೆ ಹಣ ಗೊತ್ತು ಮಾಡಿ ವಸೂಲಿ. ಕೊಡದ ಊರಲ್ಲಿ ಲೂಟಿ, ಬೆಂಕಿ, ಕೊಲೆ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವನ್ನು ಆ ಭಾಗದ ಜನ ಇಂದಿಗೂ ಮರೆತಿಲ್ಲ. ಸಾವಿರಾರು ಕುಟುಂಬಗಳು ಗಡಿ ದಾಟಿ ಈಚೆಗೆ ಬಂದವು. ಮುಂಡರಗಿ, ಗಜೇಂದ್ರಗಡದಂಥ ಗಡಿಯೂರುಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ಇದನ್ನು ಮುಚ್ಚಿಟ್ಟು ಮಕ್ಕಳಿಗೆ ಇತಿಹಾಸ ಹೇಳುವುದು ಅಮಾನತ್‌ಗೆ ಮಾಡುವ ದ್ರೋಹ. ಸತ್ತವರು ನಮ್ಮವರಲ್ಲ ಅಂತ ಕೊಲೆ ಸಣ್ಣದಾಗುವುದಿಲ್ಲ.

ಇಲ್ಲಿಯವರೆಗೆ ಶಾಲೆಯ ಭಾಷಣದಲ್ಲೂ ಹೇಳುತ್ತಾರೆ. ಮುಂದಿನದನ್ನು ಹೇಳುವವರು ಕಡಿಮೆ.

ಆ ದಿನಗಳಲ್ಲಿ ಹೈದರಾಬಾದಿನಲ್ಲಿ 'ಇಮ್ರೋಝ್' ಎಂಬ ಉರ್ದು ಪತ್ರಿಕೆ ಬರುತ್ತಿತ್ತು. ಸಂಪಾದಕರು ಶೊಯೆಬುಲ್ಲಾ ಖಾನ್. ವಯಸ್ಸು ಮೂವತ್ತೂ ತುಂಬಿರಲಿಲ್ಲ. ರಜಾಕಾರರ ದಾರಿ ತಪ್ಪು, ಭಾರತಕ್ಕೆ ಸೇರುವುದೇ ಜನರ ಹಿತ ಅಂತ ಅವರು ಹೆಸರು ಹಾಕಿ ಬರೆದರು. 1948ರ ಆಗಸ್ಟ್‌ನಲ್ಲಿ ಕೆಲವು ಪ್ರತಿಷ್ಠಿತ ಮುಸ್ಲಿಮರು ಇದೇ ಮಾತು ಹೇಳಿ ಹೇಳಿಕೆ ಕೊಟ್ಟಾಗ ಅದಕ್ಕೂ ಬೆಂಬಲವಾಗಿ ನಿಂತರು. ಬೆದರಿಕೆ ಬಂತು. ಬರೆಯುವುದು ನಿಲ್ಲಿಸಲಿಲ್ಲ. ಆಗಸ್ಟ್ 21ರ ರಾತ್ರಿ ಕಚೇರಿಯಿಂದ ಮನೆಗೆ ಹೊರಟಾಗ ಅವರಿಗೆ ಗುಂಡು ಹಾರಿಸಿದರು, ಬರೆಯುವ ಕೈಯನ್ನು ಕತ್ತರಿಸಿದರು. ಬೆಳಗಾಗುವುದರೊಳಗೆ ಅವರು ತೀರಿಕೊಂಡರು.

ಇದನ್ನು ಹೇಳಿದಾಗ ತರಗತಿಯಲ್ಲಿ ಉಸಿರು ಕೇಳಿಸುವಷ್ಟು ಮೌನ. ಮಕ್ಕಳಿಗೆ ನಾವು ಕೇಳಿದ್ದು ಇಷ್ಟೇ: ಸಮುದಾಯವನ್ನು ಕಾಪಾಡಲು ಹುಟ್ಟಿಕೊಂಡೆವು ಅಂದವರು ಅದೇ ಸಮುದಾಯದ ಶೊಯೆಬುಲ್ಲಾ ಖಾನರನ್ನು ಯಾಕೆ ಕೊಂದರು? ಯಾಕೆಂದರೆ ತೀವ್ರವಾದಿಗೆ ಮೊದಲ ಅಡ್ಡಿ ಎದುರು ಮನೆಯವನಲ್ಲ. ತನ್ನ ಮನೆಯೊಳಗೆ ನಿಂತು 'ಇದು ತಪ್ಪು' ಅನ್ನುವವನು. ಅವನ ಬಾಯಿ ಮುಚ್ಚಿಸಿದ ಮೇಲೆ ಉಳಿದವರು ಹೆದರಿ ಸುಮ್ಮನಾಗುತ್ತಾರೆ. ಆ ಮೌನವನ್ನೇ ಆತ 'ಇಡೀ ಸಮುದಾಯ ನನ್ನ ಹಿಂದಿದೆ' ಅಂತ ತೋರಿಸಿಕೊಳ್ಳುತ್ತಾನೆ.

ಶೊಯೆಬುಲ್ಲಾ ಖಾನ್ ಸತ್ತು ಒಂದು ತಿಂಗಳೂ ಆಗಲಿಲ್ಲ. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು, 17ಕ್ಕೆ ನಿಜಾಮ ಶರಣಾದ. ಆಮೇಲೆ ಸೇಡಿನ ದಿನಗಳು. ನೆಹರೂ ಸರಕಾರ ಪಂಡಿತ್ ಸುಂದರ್‌ಲಾಲ್ ಮತ್ತು ಖಾಝಿ ಅಬ್ದುಲ್ ಗಫಾರ್ ಅವರಿದ್ದ ತಂಡವನ್ನು ಕಳಿಸಿತು. ಆ ತಂಡದ ಅಂದಾಜಿನ ಪ್ರಕಾರ ಸತ್ತವರು 27 ಸಾವಿರದಿಂದ 40 ಸಾವಿರ. ಅತಿ ಹೆಚ್ಚು ನಲುಗಿದ್ದು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್ ಜಿಲ್ಲೆಗಳು. ಕೆಲವು ಕಡೆ ಕಾವಲು ಕಾಯಬೇಕಾದವರೇ ಕೊಲ್ಲುವವರ ಜೊತೆ ಸೇರಿದ್ದರು ಎಂದೂ ಆ ವರದಿ ಹೇಳಿತು. ದಶಕಗಳ ಕಾಲ ಅದನ್ನು ಪ್ರಕಟಿಸಲಿಲ್ಲ. ಸತ್ತವರಲ್ಲಿ ರಜಾಕಾರರಲ್ಲದ ಬಡವರೆಷ್ಟು, ರೈತರೆಷ್ಟು, ನೇಕಾರರೆಷ್ಟು, ಅಲ್ಲಾಹನೇ ಬಲ್ಲ. ರಜಾಕಾರರು ಮಾಡಿದ್ದಕ್ಕೆ ಇದು ಸರಿಯಾಯ್ತು ಅನ್ನುವವನೂ ರಜಾಕಾರನ ತಮ್ಮನೇ. ಒಬ್ಬನ ತಪ್ಪಿಗೆ ಅವನ ಹೆಸರಿನವರನ್ನೆಲ್ಲ ಕೊಲ್ಲಬಹುದು ಅನ್ನುವುದೇ ತೀವ್ರವಾದ.

ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಕೆಲವು ಕಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರಿಗೆ ಅಡ್ಡ ನಿಂತು, ತಮ್ಮ ಪ್ರಾಣ ಕೊಟ್ಟೂ ಕಾಪಾಡಿದ್ದರು. ಅವರೂ ತಮ್ಮ ಮನೆಯೊಳಗೆ ನಿಂತು 'ಇದು ತಪ್ಪು' ಅಂದವರೇ.

ಇನ್ನು ಭಾಷಣ ಮಾಡಿದ ನಾಯಕ? ಖಾಸಿಂ ರಝ್ವಿ ಜೈಲಿಗೆ ಹೋದ. 1957ರಲ್ಲಿ ಬಿಡುಗಡೆಯಾದ ಮೇಲೆ ಪಾಕಿಸ್ತಾನಕ್ಕೆ ಹೋದ. 1970ರಲ್ಲಿ ಕರಾಚಿಯಲ್ಲಿ ತೀರಿಕೊಂಡ. ಅವನ ಮಾತು ನಂಬಿದವರ ವಿಧವೆಯರು, ಆ ಮಾತಿಗೆ ಸಂಬಂಧವೇ ಇಲ್ಲದವರ ಅನಾಥ ಮಕ್ಕಳು ಇಲ್ಲೇ ಉಳಿದರು. ಭಾಷಣ ಅವನದು, ಬಿಲ್ಲು ಇವರದು.

ಹಳೆಯ ಕಥೆ ಬಿಡಿ ಅನ್ನಬೇಡಿ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಯಲ್ಲಿ ಏನಾಯ್ತು? ಫೇಸ್‌ಬುಕ್‌ನಲ್ಲಿ ಒಬ್ಬ ಹಾಕಿದ ಪ್ರವಾದಿ ನಿಂದನೆಯ ಪೋಸ್ಟ್. ಅದು ಅಪರಾಧವೇ. ದೂರು ಕೊಡಲು ಠಾಣೆಯಿತ್ತು, ಕಾನೂನಿತ್ತು. ಆದರೆ ಗುಂಪು ಶಾಸಕರ ಮನೆಗೂ ಠಾಣೆಗೂ ನುಗ್ಗಿತು, ಬೆಂಕಿ ಹಚ್ಚಿತು. ಪೊಲೀಸ್ ಗೋಲಿಬಾರಿನಲ್ಲಿ ಮೂವರು ಸತ್ತರು. ನೂರಾರು ಯುವಕರ ಬಂಧನವಾಯಿತು, ಯುಎಪಿಎ ಬಂತು. ಅದೇ ರಾತ್ರಿ ಅದೇ ಬೀದಿಯಲ್ಲಿ ಕೆಲವು ಮುಸ್ಲಿಂ ಹುಡುಗರು ಕೈಕೈ ಹಿಡಿದು ದೇವಸ್ಥಾನದ ಸುತ್ತ ಸರಪಳಿಯಂತೆ ನಿಂತು ಕಾಪಾಡಿದ್ದರು. ಪ್ರವಾದಿಯವರ ಗೌರವ ಉಳಿಸಿದವರು ಯಾರು, ಕಲ್ಲು ಹೊಡೆದವರೋ, ಕೈ ಹಿಡಿದು ನಿಂತವರೋ?

ನಮ್ಮ ಕರಾವಳಿ? 2022ರ ಜುಲೈನಲ್ಲಿ ಹತ್ತು ದಿನಗಳ ಒಳಗೆ ಬೆಳ್ಳಾರೆ ಸುತ್ತಮುತ್ತ ಇಬ್ಬರು, ಸುರತ್ಕಲ್‌ನಲ್ಲಿ ಒಬ್ಬರು ಎಂದು ಮೂವರು ಯುವಕರ ಕೊಲೆಯಾಯಿತು. 2025ರಲ್ಲಿ ಏಪ್ರಿಲ್ 27ಕ್ಕೆ ಕುಡುಪು, ಮೇ 1ಕ್ಕೆ ಬಜ್ಪೆ, ಮೇ 27ಕ್ಕೆ ಬಂಟ್ವಾಳದ ಕೊಳತ್ತಮಜಲು. ಸತ್ತವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಎಲ್ಲ ಮನೆಯಲ್ಲೂ ಒಬ್ಬ ತಾಯಿ ಇದ್ದಾಳೆ.

ಇಲ್ಲಿ ನಮ್ಮ ತಪ್ಪೊಂದನ್ನು ಹೇಳಿಕೊಳ್ಳಬೇಕು. 2022ರ ಆ ದಿನಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಆಡಿಯೊ ಬಂತು. ಹೆಸರಿಲ್ಲದ ಧ್ವನಿ, ಸೇಡಿನ ಮಾತು. ಇಪ್ಪತ್ತು ಜನ ಬೆಂಕಿಯ ಚಿಹ್ನೆ ಹಾಕಿದರು. ಒಬ್ಬ ಹುಡುಗ ಮಾತ್ರ, "ಇದು ಸರಿಯಲ್ಲ, ಯಾರೂ ಮುಂದೆ ಕಳಿಸಬೇಡಿ" ಅಂತ ಬರೆದ. ಅವನನ್ನು ಹೇಡಿ ಅಂದರು, ಪೊಲೀಸರ ಏಜೆಂಟ್ ಅಂದರು. ಅವನು ಗ್ರೂಪ್ ಬಿಟ್ಟು ಹೋದ. ನಾವು ಎಲ್ಲ ಓದಿದೆವು. 'ಗಲಾಟೆ ಬೇಡ, ತಣ್ಣಗಾಗಲಿ' ಅಂತ ಸುಮ್ಮನಿದ್ದೆವು. ತಿಂಗಳ ನಂತರ ಫೋನ್ ಮಾಡಿದಾಗ ಅವನು ಹೇಳಿದ್ದು ಒಂದೇ ಮಾತು: "ನೀವು ಓದಿದ್ದೀರಿ ಅಂತ ನನಗೆ ಕಾಣ್ತಿತ್ತು, ಉಸ್ತಾದ್."

ಆ ಮಾತು ಇವತ್ತಿಗೂ ಚುಚ್ಚುತ್ತದೆ. ನಾವು ಒಂದು ಸಾಲು ಬರೆದಿದ್ದರೆ ಅವನು ಒಂಟಿಯಾಗುತ್ತಿರಲಿಲ್ಲ. ಆ ಇಪ್ಪತ್ತು ಜನರಲ್ಲಿ ಹತ್ತು ಜನವಾದರೂ ತಡೆದು ನಿಲ್ಲುತ್ತಿದ್ದರು. ಶೊಯೆಬುಲ್ಲಾ ಖಾನರಿಗೆ ಗುಂಡಿನ ಎದುರು ಧೈರ್ಯವಿತ್ತು. ನಮಗೆ ಗ್ರೂಪಿನಲ್ಲಿ ಒಂದು ಸಾಲು ಬರೆಯುವ ಧೈರ್ಯ ಇರಲಿಲ್ಲ.

ನಿಜಾಮನ ಪ್ರಜೆಗೆ ಇಂದಿನ ನಮ್ಮ ಮತ ಇರಲಿಲ್ಲ. 1950ರ ಸಂವಿಧಾನದಿಂದ ನಮಗೆ ಮತ ಇದೆ, ಕೋರ್ಟ್ ಇದೆ, ಪತ್ರಿಕೆ ಇದೆ, ರಸ್ತೆಯಲ್ಲಿ ನಿಂತು ಶಾಂತವಾಗಿ ಪ್ರತಿಭಟಿಸುವ ಹಕ್ಕಿದೆ. ಅನ್ಯಾಯ ಆಗುವುದಿಲ್ಲ ಅಂತಲ್ಲ. ಆಗುತ್ತದೆ, ಕೆಲವೊಮ್ಮೆ ನ್ಯಾಯ ಬರಲು ವರ್ಷಗಟ್ಟಲೆ ಹಿಡಿಯುತ್ತದೆ. ಆ ತಡವನ್ನೇ ತೀವ್ರವಾದಿ ಬಂಡವಾಳ ಮಾಡಿಕೊಳ್ಳುತ್ತಾನೆ. 'ಕೋರ್ಟಿನಿಂದ ಏನಾಗುತ್ತೆ?' ಅನ್ನುತ್ತಾನೆ. ಮಾತಾಡುವ ಸ್ವಾತಂತ್ರ್ಯವನ್ನು ಬಳಸಿಯೇ ಮೇಲೆ ಬರುತ್ತಾನೆ. ಬಂದ ಮೇಲೆ ಮೊದಲು ಕಿತ್ತುಕೊಳ್ಳುವುದು ಬೇರೆಯವರ ಮಾತನ್ನು. ಅವನು ಟೋಪಿ ಹಾಕಿರಲಿ, ತಿಲಕ ಇಟ್ಟಿರಲಿ, ದಾರಿ ಒಂದೇ.

2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಂನ 19ನೇ ಗೇಟಿನ ಸರಪಳಿ ತುಂಡಾಯಿತು. ಡ್ಯಾಂನಲ್ಲಿರುವುದು 33 ಗೇಟು. ಹಾಳಾದದ್ದು ಒಂದು. ಆದರೆ ಅದರ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ನೀರು ನಂಬಿದ್ದ ರೈತರು ಆ ವಾರ ನಿದ್ದೆ ಮಾಡಲಿಲ್ಲ. ಒಂದು ಕೊಂಡಿ ಕಳಚಿದ್ದಕ್ಕೆ ಎಲ್ಲರ ನೀರು ಹೋಯಿತು. ಊರಿನ ಸೌಹಾರ್ದವೂ ಹೀಗೇ. ಕೂಡಿಡಲು ವರ್ಷಗಳು ಬೇಕು, ಹರಿದು ಹೋಗಲು ಒಂದು ರಾತ್ರಿ ಸಾಕು.

ಹಾಗಾದರೆ ನಾವೇನು ಮಾಡಬಹುದು? ದೊಡ್ಡ ಕೆಲಸ ಬೇಡ. ಹೆಸರಿಲ್ಲದ ಧ್ವನಿಯ ಆಡಿಯೊ ಬಂದರೆ ಮುಂದೆ ಕಳಿಸಬೇಡಿ, 'ಇದು ತಪ್ಪು' ಅಂತ ಅಲ್ಲೇ ಬರೆಯಿರಿ. ಹಾಗೆ ಬರೆದವನು ಒಂಟಿಯಾದರೆ ಅವನ ಕೆಳಗೆ ನಿಮ್ಮದೂ ಒಂದು ಸಾಲಿರಲಿ. ಆವೇಶದ ಭಾಷಣ ಕೇಳಿದಾಗ, ಇವರ ಸ್ವಂತ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಅಂತ ವಿಚಾರಿಸಿ. ಅನ್ಯಾಯವಾದರೆ ಹುಡುಗರನ್ನು ಬೀದಿಗೆ ಬಿಡದೆ, ಜಮಾಅತಿನ ಹಿರಿಯರು ವಕೀಲರ ಜೊತೆ ಠಾಣೆಗೆ ಹೋಗಲಿ. ನಮ್ಮವನೇ ತಪ್ಪು ಮಾಡಿದಾಗ ತಪ್ಪು ಅನ್ನೋಣ. ತಪ್ಪು ಮಾಡುವ ಸೋದರನ ಕೈ ಹಿಡಿದು ತಡೆಯುವುದೇ ಅವನಿಗೆ ಮಾಡುವ ಸಹಾಯ ಅಂತ ನಮಗೆ ಕಲಿಸಿದ್ದಾರಲ್ಲ? ಉಮ್ಮಂದಿರೇ, ಮಗ ರಾತ್ರಿ ಮೊಬೈಲಿನಲ್ಲಿ ಯಾರ ಮಾತು ಕೇಳುತ್ತಿದ್ದಾನೆ ಅಂತ ಬೈಯದೆ ಪಕ್ಕದಲ್ಲಿ ಕೂತು ಕೇಳಿ. ಅವನು ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸಬೇಡಿ.

ಪಾಠ ಮುಗಿದ ಮೇಲೆ ಆ ಹುಡುಗ ಮತ್ತೆ ಕೇಳಿದ: "ನಾಳೆ ಅವನು ಪುನಃ ರಜಾಕಾರ ಅಂದರೆ ಏನು ಹೇಳಲಿ ಉಸ್ತಾದ್?" "ರಜಾಕಾರರು ಮಾಡಿದ್ದು ತಪ್ಪು ಅಂತ ಮೊದಲು ಹೇಳು. ಆಮೇಲೆ, ಅವರನ್ನು ಎದುರಿಸಿ ಸತ್ತ ಶೊಯೆಬುಲ್ಲಾ ಖಾನ್ ಗೊತ್ತಾ ಅಂತ ಕೇಳು" ಅಂದೆವು.

ವಾರದ ನಂತರ ಬಂದು ಹೇಳಿದ. ಕೇಳಿದನಂತೆ. ಜೊತೆಯ ಹುಡುಗನಿಗೆ ಗೊತ್ತಿರಲಿಲ್ಲವಂತೆ. ಇವನೇ ಕಥೆಯೆಲ್ಲ ಹೇಳಿದನಂತೆ. "ಅವನೇನಂದ?" ಅಂತ ಕೇಳಿದೆವು.

"ಏನೂ ಅನ್ನಲಿಲ್ಲ ಉಸ್ತಾದ್. ಆಟಕ್ಕೆ ಕರೆದ."