ಹೆಣ್ಣುಮಕ್ಕಳ ಪಾಲು ಮತ್ತು ಉಚ್ಚ ನ್ಯಾಯಾಲಯದ ತೀರ್ಪುಗಳು

ಕಾಯಿದೆಯನ್ನು ರಚಿಸುವುದು ಶಾಸನಸಭೆಯ ಕೆಲಸ. ಆದರೆ ಆ ಕಾಯಿದೆಯ ಒಂದೊಂದು ಸಾಲೂ ನಮ್ಮ ಮನೆಯ ಹೊಲಕ್ಕೆ, ಹಿತ್ತಲಿಗೆ, ಅಡತಿ ಅಂಗಡಿಗೆ ಹೇಗೆ ಅನ್ವಯಿಸುತ್ತದೆಂಬುದನ್ನು ನಿರ್ಣಯಿಸುವವರು ನ್ಯಾಯಾಧೀಶರು. ಅದರಲ್ಲಿಯೂ ಉಚ್ಚ ನ್ಯಾಯಾಲಯದ ಸ್ಥಾನ ವಿಶಿಷ್ಟವಾದುದು. ಸಿವಿಲ್ ದಾವೆಯೊಂದು ಕೆಳಗಿನ ಎರಡು ನ್ಯಾಯಾಲಯಗಳನ್ನು ದಾಟಿ ಎರಡನೆಯ ಮೇಲ್ಮನವಿಯಾಗಿ ಅಲ್ಲಿಗೆ ಹೋದಾಗ, ಯಾರು ಹೇಳಿದ ಸಾಕ್ಷ್ಯ ನಿಜ ಎಂಬುದನ್ನು ಅಲ್ಲಿ ಸಾಮಾನ್ಯವಾಗಿ ಮತ್ತೆ ಕೆದಕುವುದಿಲ್ಲ. ಕಾನೂನಿನ ಮಹತ್ವದ ಪ್ರಶ್ನೆಯೇನಾದರೂ ಇದೆಯೇ ಎಂಬುದನ್ನಷ್ಟೇ ನೋಡುತ್ತಾರೆ. ಆ ಪ್ರಶ್ನೆಗೆ ದೊರೆತ ಉತ್ತರವು ರಾಜ್ಯದ ಎಲ್ಲ ಅಧೀನ ನ್ಯಾಯಾಲಯಗಳನ್ನೂ ಬಂಧಿಸುತ್ತದೆ. ಹೀಗೆ ಒಂದು ಮನೆಯ ವ್ಯಾಜ್ಯದಲ್ಲಿ ಬಂದ ತೀರ್ಪು ಸಾವಿರಾರು ಮನೆಗಳ ಕಟ್ಟಳೆಯಾಗಿ ಪರಿಣಮಿಸುತ್ತದೆ.

ಇದಕ್ಕೆ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗಿಂತ ಸಮೀಪದ ಉದಾಹರಣೆ ನಮಗೆ ಬೇರೊಂದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಎರಡನೆಯ ಕಲಮು, ಅದು ಯಾರಿಗೆ ಅನ್ವಯಿಸುತ್ತದೆಂದು ಹೇಳುವಾಗ ವೀರಶೈವ ಮತ್ತು ಲಿಂಗಾಯತ ಎಂಬ ಎರಡು ಹೆಸರುಗಳನ್ನೂ ಸ್ಪಷ್ಟವಾಗಿಯೇ ಬರೆದಿದೆ. ಧರ್ಮದ ಪ್ರಶ್ನೆಯ ಕುರಿತು ನಡೆಯುವ ಚರ್ಚೆ ಏನೇ ಇರಲಿ, ನಮ್ಮ ಮನೆಗಳ ಆಸ್ತಿ ಹಂಚಿಕೆಯಾಗುವುದು ಈ ಕಾಯಿದೆಯ ಪ್ರಕಾರವೇ.

ಆ ಕಾಯಿದೆಯು ಮೊದಲು ಬಂದಾಗ ಹೆಣ್ಣುಮಕ್ಕಳಿಗೆ ದೊರೆತದ್ದು ಅರೆಹೊಟ್ಟೆಯ ಊಟ. ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ, ಆತ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ, ಮಗಳಿಗೆ ಮಗನಷ್ಟೇ ಪಾಲು. ಆದರೆ ಪಿತ್ರಾರ್ಜಿತವಾದ ಅವಿಭಕ್ತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಪಡೆಯುವವನು ಗಂಡುಮಗ ಮಾತ್ರ. ಇದರ ಲೆಕ್ಕವನ್ನು ವಾಚಕರು ಒಮ್ಮೆ ನೋಡಬೇಕು. ಹನ್ನೆರಡು ಎಕರೆ ಪಿತ್ರಾರ್ಜಿತ ಹೊಲ, ತಾಯಿ ಮೊದಲೇ ತೀರಿದ್ದಾಳೆ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಎಂದುಕೊಳ್ಳೋಣ. ತಂದೆ ಸಾಯುವ ಮುನ್ನ ಪಾಲಾಗಿತ್ತೆಂದು ಕಾನೂನು ಭಾವಿಸಿಕೊಳ್ಳುತ್ತದೆ: ತಂದೆಗೆ ನಾಲ್ಕು, ಗಂಡುಮಕ್ಕಳಿಗೆ ನಾಲ್ಕು ನಾಲ್ಕು ಎಕರೆ. ತಂದೆಯ ನಾಲ್ಕು ಎಕರೆಯಲ್ಲಿ ನಾಲ್ವರು ಮಕ್ಕಳಿಗೂ ಒಂದೊಂದು. ಕೊನೆಗೆ ಗಂಡುಮಕ್ಕಳಿಗೆ ಐದೈದು ಎಕರೆ, ಹೆಣ್ಣುಮಕ್ಕಳಿಗೆ ಒಂದೊಂದೇ ಎಕರೆ. ಒಂದೇ ತೊಟ್ಟಿಲಲ್ಲಿ ಬೆಳೆದವರಿಗೆ ಐದಕ್ಕೆ ಒಂದರ ಲೆಕ್ಕ! ಆ ಒಂದು ಎಕರೆಯೂ ಕಾಗದದಲ್ಲಿಯೇ ಉಳಿದದ್ದು ಹೆಚ್ಚು. ಪಂಚಮಿಗೆ ಕರೆತಂದು ಉಡಿ ತುಂಬಿ ಕಳುಹಿಸಿದರೆ ತವರಿನ ಋಣ ತೀರಿತೆಂಬ ಭಾವನೆ ನಮ್ಮಲ್ಲಿ ಬಲವಾಗಿತ್ತು, ಈಗಲೂ ಇದೆ.

ಹಳೆಯ ಮೈಸೂರು ಸಂಸ್ಥಾನದಲ್ಲಿ 1933ರಷ್ಟು ಹಿಂದೆಯೇ, ವಿಭಾಗದ ಕಾಲದಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಸಣ್ಣದೊಂದು ಪಾಲನ್ನು ನೀಡುವ ಕಾನೂನು ಜಾರಿಗೆ ಬಂದಿತ್ತು. ಮುಂಬಯಿ ಪ್ರಾಂತಕ್ಕೂ ನಿಜಾಮನ ಸೀಮೆಗೂ ಸೇರಿದ್ದ ನಮ್ಮ ಜಿಲ್ಲೆಗಳಿಗೆ ಆ ಭಾಗ್ಯವಿರಲಿಲ್ಲ. ಮುಂದೆ 1994ರ ಜುಲೈ 30ರಂದು ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದು, ಮಗಳೂ ಹುಟ್ಟಿನಿಂದಲೇ ಸಹದಾಯಾದಿ ಎಂದು ಸಾರಿತು. ಆದರೆ ಆ ದಿನಕ್ಕೆ ಮುಂಚೆ ಮದುವೆಯಾದವಳಿಗೆ ಇದು ಅನ್ವಯಿಸದೆಂಬ ಮಾತನ್ನೂ ಜೊತೆಯಲ್ಲಿಯೇ ಸೇರಿಸಿತು. ಆ ವರ್ಷದ ವೈಶಾಖದಲ್ಲಿ ಅಕ್ಕನ ಮದುವೆ, ಮರುವರ್ಷ ತಂಗಿಯದು ಎಂದಾದರೆ ತಂಗಿಗೆ ಪಾಲು, ಅಕ್ಕನಿಗೆ ಇಲ್ಲ. ಲಗ್ನದ ಮುಹೂರ್ತವು ಹೊಲದ ಹಕ್ಕನ್ನು ನಿರ್ಧರಿಸುವುದು ಯಾವ ನ್ಯಾಯವೋ ನಮಗೆ ತಿಳಿಯದು.

2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಜಾರಿಗೆ ಬಂದಿತು. ಮದುವೆಯ ಷರತ್ತು ಇಲ್ಲ, ಮಗಳು ಮಗನಂತೆಯೇ. ಮೇಲಿನ ಹನ್ನೆರಡು ಎಕರೆ ಈಗ ಮೂರು ಮೂರರಂತೆ ನಾಲ್ವರಿಗೂ ಸಮ. ವಾಸದ ಮನೆಯಲ್ಲಿ ಗಂಡುಮಕ್ಕಳು ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಪಾಲು ಕೇಳಬಾರದೆಂದಿದ್ದ 23ನೆಯ ಕಲಮನ್ನೂ ಕಿತ್ತುಹಾಕಲಾಯಿತು. ಓದಿದರೆ ಎಲ್ಲವೂ ಸ್ಪಷ್ಟ. ಆದರೆ ವ್ಯಾಜ್ಯ ಮೊದಲಾದದ್ದೇ ಅಲ್ಲಿಂದ.

ಯಾವ ಮಗಳು? 2005ರ ನಂತರ ಹುಟ್ಟಿದವಳೇ, ಮೊದಲು ಹುಟ್ಟಿದವಳೇ? ತಂದೆ ಆ ದಿನ ಬದುಕಿರಬೇಕೇ? ಕಾಯಿದೆ ಇದನ್ನು ಬಿಡಿಸಿ ಹೇಳಿರಲಿಲ್ಲವಾದ್ದರಿಂದ ಒಂದೊಂದು ಉಚ್ಚ ನ್ಯಾಯಾಲಯವೂ ಒಂದೊಂದು ಬಗೆಯಾಗಿ ಅರ್ಥ ಮಾಡಿತು. ಮುಂಬಯಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು 2012ರಲ್ಲಿ, ತಿದ್ದುಪಡಿಯ ನಂತರ ಹುಟ್ಟಿದ ಹೆಣ್ಣುಮಕ್ಕಳಿಗೆ ಮಾತ್ರ ಜನ್ಮಸಿದ್ಧ ಹಕ್ಕೆಂಬ ಅರ್ಥವನ್ನು ಎತ್ತಿಹಿಡಿಯಿತು. ಎರಡು ವರ್ಷಗಳಲ್ಲಿ ಅದೇ ನ್ಯಾಯಾಲಯದ ಪೂರ್ಣ ಪೀಠವು ಅದನ್ನು ತಳ್ಳಿಹಾಕಿತು. ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯವು ಬಹಳ ಮುಂಚೆಯೇ ಉದಾರವಾದ ಹಾದಿಯನ್ನು ಹಿಡಿದಿತ್ತು. ಆದರೆ 2010ರಲ್ಲಿ ವಿಭಾಗೀಯ ಪೀಠವು ಆ ಹಾದಿಯಲ್ಲಿ ಒಂದು ಗಡಿಕಲ್ಲನ್ನು ನೆಟ್ಟಿತು: 1956ರ ಕಾಯಿದೆ ಜಾರಿಗೆ ಬಂದ ಮೇಲೆ ಹುಟ್ಟಿದ ಮಗಳಿಗೆ ಮಾತ್ರ ಈ ಹಕ್ಕು. ವಯಸ್ಸಾದ ಹೆಣ್ಣುಮಕ್ಕಳು ಇದರಿಂದ ಹೊರಗುಳಿದರು.

ಇದರ ಪರಿಣಾಮ ಎಂಥದೆಂಬುದಕ್ಕೆ ನಮ್ಮ ರಾಜ್ಯದಿಂದಲೇ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಎರಡು ವ್ಯಾಜ್ಯಗಳು ಸಾಕ್ಷಿಯಾಗಿವೆ. ಒಂದರಲ್ಲಿ ತಂದೆ 1988ರಲ್ಲಿ ತೀರಿಕೊಂಡಿದ್ದರು. ಮಗಳು 1992ರಲ್ಲಿ ದಾವೆ ಹೂಡಿದ್ದಳು. ದಾವೆ ಇನ್ನೂ ಇತ್ಯರ್ಥವಾಗದೆ ಉಳಿದಿರುವಾಗ ಹೊಸ ಕಾನೂನು ಬಂದುದರಿಂದ ಅದರ ಫಲವು ಆಕೆಗೂ ಸಲ್ಲುತ್ತದೆಂದು ನಮ್ಮ ಉಚ್ಚ ನ್ಯಾಯಾಲಯ ಹೇಳಿತು. 2015ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಒಪ್ಪದೆ, 2005ರ ಸೆಪ್ಟೆಂಬರ್ 9ರಂದು ತಂದೆಯೂ ಮಗಳೂ ಇಬ್ಬರೂ ಜೀವಂತವಾಗಿರಬೇಕೆಂದು ಸಾರಿತು. ಇನ್ನೊಂದರಲ್ಲಿ ತಂದೆ 2001ರಲ್ಲಿ ತೀರಿದ್ದರು. ಹೆಣ್ಣುಮಕ್ಕಳು 1956ಕ್ಕೆ ಮುಂಚೆ ಹುಟ್ಟಿದವರೆಂಬ ಕಾರಣದಿಂದ ಕೆಳಗಿನ ನ್ಯಾಯಾಲಯವೂ ಉಚ್ಚ ನ್ಯಾಯಾಲಯವೂ ಅವರಿಗೆ ಪಾಲು ನಿರಾಕರಿಸಿದವು. 2018ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಾಯಿಗೆ, ಇಬ್ಬರು ಗಂಡುಮಕ್ಕಳಿಗೆ, ಇಬ್ಬರು ಹೆಣ್ಣುಮಕ್ಕಳಿಗೆ ಐದರಲ್ಲೊಂದರಂತೆ ಸಮವಾಗಿ ಹಂಚಿತು. ಮೂರು ವರ್ಷಗಳೂ ತುಂಬಿರಲಿಲ್ಲ, ಅದೇ ನ್ಯಾಯಾಲಯದಿಂದ ಒಂದಕ್ಕೊಂದು ಕೂಡದ ಎರಡು ಮಾತು! ಊರಿನ ವಕೀಲರು ತಮ್ಮ ಕಕ್ಷಿದಾರರಿಗೆ ಏನೆಂದು ಹೇಳಬೇಕು?

ಈ ಗೊಂದಲವನ್ನು ಬಿಡಿಸಿದ್ದು 2020ರ ಆಗಸ್ಟ್ 11ರ ತೀರ್ಪು. ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ, ಎಸ್. ಅಬ್ದುಲ್ ನಜೀರ್, ಎಂ.ಆರ್. ಶಾ ಅವರ ಮೂವರ ಪೀಠವದು. ಇವರಲ್ಲಿ ಅಬ್ದುಲ್ ನಜೀರ್ ಅವರು ಹಿಂದೆ ನಮ್ಮ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದವರೇ. ಹಕ್ಕು ಬರುವುದು ಹುಟ್ಟಿನಿಂದ, ತಂದೆಯ ಸಾವಿನಿಂದಲ್ಲ. ಆದುದರಿಂದ ತಂದೆ 2005ರಲ್ಲಿ ಬದುಕಿದ್ದರೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಮಗಳು ತಿದ್ದುಪಡಿಗೆ ಮೊದಲು ಹುಟ್ಟಿರಲಿ, ಆಮೇಲೆ ಹುಟ್ಟಿರಲಿ, ಹಕ್ಕು ಒಂದೇ ಎಂದು ಪೀಠವು ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಕ್ರಮಬದ್ಧವಾಗಿ ಆಗಿಹೋದ ಪಾಲು, ಮಾರಾಟಗಳನ್ನು ಈಗ ಕೆದಕುವಂತಿಲ್ಲ.

ಇಲ್ಲಿ ನಮ್ಮ ಮನೆಗಳಿಗೆ ತಟ್ಟುವ ಮಾತೊಂದಿದೆ. 'ನಮ್ಮಲ್ಲಿ ಹಿಂದೆಯೇ ಹಿರಿಯರ ಸಮ್ಮುಖದಲ್ಲಿ ವಾಟ್ನಿ ಆಗಿದೆ' ಎಂಬುದು ಅಣ್ಣತಮ್ಮಂದಿರ ಸಾಮಾನ್ಯ ಉತ್ತರ. ಕಾಯಿದೆಯು ಪಾಲು ಎಂದು ಒಪ್ಪುವುದು ನೋಂದಾಯಿತ ಪತ್ರದಿಂದ ಆದುದನ್ನು ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆದುದನ್ನು. ಬಾಯಿಮಾತಿನ ವಾಟ್ನಿಯನ್ನು, ಸರಕಾರಿ ದಾಖಲೆಗಳು ಅದನ್ನು ನಿಸ್ಸಂದೇಹವಾಗಿ ಸಮರ್ಥಿಸಿದಲ್ಲಿ ಮಾತ್ರ, ಅದೂ ಅಪರೂಪವಾಗಿ ಒಪ್ಪಬಹುದೆಂದು 2020ರ ತೀರ್ಪು ಹೇಳಿದೆ. ಮದುವೆಗೆ ಖರ್ಚು ಮಾಡಿದ್ದೇವೆ, ಬಂಗಾರ ಹಾಕಿದ್ದೇವೆ, ಅದೇ ಅವಳ ಪಾಲು ಎಂಬ ಮಾತಿಗೆ ಆರನೆಯ ಕಲಮಿನಲ್ಲಿ ಎಲ್ಲಿಯೂ ಆಧಾರವಿಲ್ಲ.

ವ್ಯಾಪಾರಸ್ಥ ಕುಟುಂಬಗಳೂ ಇದನ್ನು ಗಮನಿಸಬೇಕು. ಅವಿಭಕ್ತ ಕುಟುಂಬದ ವಹಿವಾಟಿನಲ್ಲಿ ಮಗಳಿಗೆ ಹಕ್ಕು ಬಂದಂತೆ ಹೊಣೆಯೂ ಬಂದಿದೆ. ಮಗನಿಗಿರುವ ಹೊರೆಗಳೇ ಆಕೆಗೂ ಇವೆ. ಅಂಥ ಕುಟುಂಬದ ಯಜಮಾನಿಕೆಯನ್ನು ಹಿರಿಯ ಮಗಳೂ ವಹಿಸಬಹುದೆಂದು 2015ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವೂ, 2023ರಲ್ಲಿ ಅಲ್ಲಿನ ವಿಭಾಗೀಯ ಪೀಠವೂ ತೀರ್ಪಿತ್ತಿವೆ. ಅದು ನಮ್ಮ ರಾಜ್ಯದ ನ್ಯಾಯಾಲಯಗಳನ್ನು ಬಂಧಿಸುವುದಿಲ್ಲ; ಆದರೂ ಅದರ ತರ್ಕಕ್ಕೆ ಬೆಲೆಯುಂಟು. ಇಂದು ಹೊಲವನ್ನೋ ನಿವೇಶನವನ್ನೋ ಕೊಳ್ಳುವವರೂ, ಸಾಲ ಕೊಡುವ ಬ್ಯಾಂಕಿನವರೂ ಮಾರುವವನ ಅಕ್ಕತಂಗಿಯರ ಸಹಿಯನ್ನು ಕೇಳುವುದು ಈ ತೀರ್ಪುಗಳ ನೇರ ಫಲ. ಕೆಲವೆಡೆ ಆ ಸಹಿಯನ್ನು ಯಾವುದೋ ಅರ್ಜಿಯೆಂದು ಹೇಳಿ ಹಾಕಿಸಿಕೊಳ್ಳುವುದೂ ಉಂಟು. ಓದದೆ, ಪ್ರತಿಯನ್ನು ಕೇಳದೆ ಸಹಿ ಮಾಡಬಾರದೆಂದು ನಮ್ಮ ಸೋದರಿಯರಿಗೆ ನಾವು ಒತ್ತಿ ಹೇಳುತ್ತೇವೆ. ಸ್ವಸಂತೋಷದಿಂದ ಪಾಲು ಬಿಡುವವರು ಬಿಡಲಿ. ಅದು ನೋಂದಾಯಿತ ಹಕ್ಕು ಬಿಡುಗಡೆ ಪತ್ರದಿಂದ, ತಿಳಿದು ಆಗಲಿ.

ಎಲ್ಲ ಆಸ್ತಿಯೂ ಪಿತ್ರಾರ್ಜಿತವಲ್ಲ ಎಂಬುದನ್ನೂ ಮರೆಯಬಾರದು. 1956ರ ನಂತರ ತೀರಿದ ತಂದೆಯ ಸ್ವಯಾರ್ಜಿತ ಆಸ್ತಿಯು ಮಗನ ಕೈಗೆ ಬಂದಾಗ ಅದು ಅವನ ಸ್ವಂತದ್ದೋ ಅಥವಾ ಅವನ ಮಕ್ಕಳಿಗೂ ಹುಟ್ಟಿನಿಂದ ಹಕ್ಕುಂಟೋ ಎಂಬ ವಿಷಯದಲ್ಲಿ ಉಚ್ಚ ನ್ಯಾಯಾಲಯಗಳು ಬಹುಕಾಲ ಎರಡು ಪಂಗಡಗಳಾಗಿದ್ದವು. ಅಲಹಾಬಾದ್, ಮದ್ರಾಸ್, ಮಧ್ಯಪ್ರದೇಶ, ಆಂಧ್ರ ನ್ಯಾಯಾಲಯಗಳು ಸ್ವಂತದ್ದೆಂದವು, ಗುಜರಾತಿನದು ಅಲ್ಲವೆಂದಿತು. 1986ರಲ್ಲಿ ಸರ್ವೋಚ್ಚ ನ್ಯಾಯಾಲಯ ಮೊದಲಿನ ಪಕ್ಷವನ್ನು ಎತ್ತಿಹಿಡಿಯಿತು. ಆದುದರಿಂದ ಅಜ್ಜನ ಹೆಸರಿನಲ್ಲಿದ್ದ ಹೊಲವೆಲ್ಲವೂ ಮೊಮ್ಮಕ್ಕಳ ಜನ್ಮಸಿದ್ಧ ಹಕ್ಕೆಂದು ಭಾವಿಸಿ ದಾವೆಗೆ ಹೊರಡುವ ಮುನ್ನ, ಅಜ್ಜನಿಗೆ ಅದು ಹೇಗೆ ಬಂತು, ಆತ ತೀರಿದ್ದು ಯಾವಾಗ ಎಂಬುದನ್ನು ಹಳೆಯ ಉತಾರಗಳಲ್ಲಿ ನೋಡಿಕೊಳ್ಳಬೇಕು.

ದಾವೆ ನಡೆದು ಪ್ರಾಥಮಿಕ ಡಿಕ್ರಿ ಆಗಿಹೋಗಿದ್ದರೂ ಹೆಣ್ಣುಮಕ್ಕಳು ನಿರಾಶರಾಗಬೇಕಿಲ್ಲ. ಅಂತಿಮ ಡಿಕ್ರಿ ಆಗುವವರೆಗೆ ಪಾಲುಗಳ ಪ್ರಮಾಣವನ್ನು ಹೊಸ ಕಾನೂನಿನಂತೆ ತಿದ್ದಬಹುದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿಯೇ ಹೇಳಿದೆ. 2020ರ ತೀರ್ಪೂ ಅದನ್ನೇ ಅನುಸರಿಸಿದೆ. ತಹಶೀಲ್ದಾರರ ಕಚೇರಿಯ ವಾರಸಾ ನೋಂದಿನಲ್ಲಿ ಅಣ್ಣಂದಿರ ಹೆಸರಷ್ಟೇ ಇದ್ದರೂ ಅದರಿಂದ ಮಗಳ ಹಕ್ಕು ಅಳಿಯುವುದಿಲ್ಲ, ಏಕೆಂದರೆ ಆ ನೋಂದು ಕಂದಾಯದ ಅನುಕೂಲಕ್ಕಾಗಿ; ಹಕ್ಕನ್ನು ನಿರ್ಣಯಿಸುವುದು ಸಿವಿಲ್ ನ್ಯಾಯಾಲಯ. ಅಲ್ಲಿಂದ ಮೇಲೆ ಹೋಗಬೇಕಾದರೆ ಉತ್ತರ ಕರ್ನಾಟಕದವರು ಹಿಂದಿನಂತೆ ಬೆಂಗಳೂರಿನ ದಾರಿ ಹಿಡಿಯಬೇಕಿಲ್ಲ. 2008ರಲ್ಲಿ ಧಾರವಾಡದಲ್ಲಿಯೂ ಕಲಬುರ್ಗಿಯಲ್ಲಿಯೂ ಆರಂಭವಾದ ಸಂಚಾರಿ ಪೀಠಗಳು 2013ರಿಂದ ಕಾಯಂ ಪೀಠಗಳಾಗಿವೆ.