ಏಳು ಜನ, ಮೂರು ಪುಟ, ಒಂದು ತಕರಾರು

1966ರ ಮೇ ತಿಂಗಳಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಆಡಳಿತ ಕಟ್ಟಡಕ್ಕೆ ನೂರಾರು ವಿದ್ಯಾರ್ಥಿಗಳು ನುಗ್ಗಿ ಧರಣಿ ಕೂತರು. ಜಗಳ ಹುಟ್ಟಿದ್ದು ಅಂಕಗಳಿಂದ. ವಿಯೆಟ್ನಾಂ ಯುದ್ಧಕ್ಕೆ ಹುಡುಗರು ಸಾಲದೆ ಬಂದಿದ್ದರು. ಕಾಲೇಜಿನಲ್ಲಿ ಓದುತ್ತಿದ್ದವರಿಗೆ ಅಲ್ಲಿಯವರೆಗೆ ಇದ್ದ ವಿನಾಯಿತಿಯನ್ನು ಸರ್ಕಾರ ಬಿಗಿ ಮಾಡಿ, ತರಗತಿಯಲ್ಲಿ ಹಿಂದೆ ಬಿದ್ದವರನ್ನು ಸೈನ್ಯಕ್ಕೆ ಕರೆಯಬಹುದು ಅಂದಿತು. ಯಾರು ಮುಂದೆ, ಯಾರು ಹಿಂದೆ ಎನ್ನುವ ಲೆಕ್ಕ ಇದ್ದದ್ದು ವಿಶ್ವವಿದ್ಯಾಲಯದ ಕಚೇರಿಯಲ್ಲಿ. ಮೇಷ್ಟರು ಕೊಟ್ಟ ಅಂಕ ಹುಡುಗನ ಜೀವಕ್ಕೇ ಬರುವ ಕಾಲ ಅದು. ಆ ಪಟ್ಟಿ ಕೊಡುವುದು ಬರೀ ಕಚೇರಿ ಕೆಲಸವೇ, ಅಥವಾ ಯುದ್ಧಕ್ಕೆ ಕೈಜೋಡಿಸಿದಂತೆಯೇ? ಯುದ್ಧ ತಪ್ಪು ಎಂದು ವಿಶ್ವವಿದ್ಯಾಲಯವೇ ಬಾಯಿಬಿಟ್ಟು ಹೇಳಬೇಡವೇ?

ಈ ಪ್ರಶ್ನೆಗೆ ಉತ್ತರ ಹುಡುಕಲು 1967ರ ಫೆಬ್ರುವರಿಯಲ್ಲಿ ಅಧ್ಯಕ್ಷ ಜಾರ್ಜ್ ಬೀಡಲ್ ಏಳು ಪ್ರಾಧ್ಯಾಪಕರ ಸಮಿತಿ ಮಾಡಿದರು. ಬೀಡಲ್ ತಳಿವಿಜ್ಞಾನಿ, 1958ರಲ್ಲಿ ನೊಬೆಲ್ ಪಡೆದವರು. ಸಮಿತಿಯ ಮುಖ್ಯಸ್ಥ ಕಾನೂನು ಪ್ರಾಧ್ಯಾಪಕ ಹ್ಯಾರಿ ಕಾಲ್ವೆನ್. ಅದೇ ನವೆಂಬರಿನಲ್ಲಿ ವರದಿ ಬಂತು. ಹೆಚ್ಚೆಂದರೆ ಮೂರು ಪುಟ. ಇವತ್ತು ಅಮೆರಿಕದ ಯಾವ ವಿಶ್ವವಿದ್ಯಾಲಯದಲ್ಲಿ ಗಾಜಾ, ಉಕ್ರೇನ್, ಜನಾಂಗಭೇದ ಎಂದು ಮಾತು ಎದ್ದರೂ ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಈ ಕಾಲ್ವೆನ್ ವರದಿಯ ಮುಂದೆ. ಅದನ್ನು ಹೆಸರಿಸುವವರು ಸಾವಿರ ಮಂದಿ. ಬರೆದವರು ಎಂಥವರು ಎಂದು ಕೇಳುವವರು ಕಡಿಮೆ. ನನಗೆ ಅದರ ಜೀವಾಳ ಇರುವುದೇ ಅಲ್ಲಿ ಅನ್ನಿಸುತ್ತದೆ.

ಮೊದಲಿಗೆ ಸ್ವಲ್ಪ ಹಿಂದಿನ ಮಾತು. 1894ರಲ್ಲಿ ಷಿಕಾಗೊದ ಪುಲ್‌ಮನ್ ರೈಲು ಗಾಡಿ ಕಾರ್ಖಾನೆಯಲ್ಲಿ ಎದ್ದ ಮುಷ್ಕರ ದೇಶದ ರೈಲುಗಳನ್ನೇ ನಿಲ್ಲಿಸಿತು. ಷಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಅಧ್ಯಾಪಕ ಎಡ್ವರ್ಡ್ ಬೆಮಿಸ್ ಚರ್ಚೊಂದರಲ್ಲಿ ಮಾತಾಡುತ್ತ ರೈಲು ಕಂಪನಿಗಳನ್ನು ಟೀಕಿಸಿದರು. ಮರುವರ್ಷ ಅವರ ಕೆಲಸ ಹೋಯಿತು. ಭಾಷಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಆಡಳಿತ ಹೇಳಿತು; ನಂಬಿದವರು ಕಡಿಮೆ. ರಾಕ್‌ಫೆಲರ್ ದುಡ್ಡಿನಿಂದ ಕಟ್ಟಿದ ಸಂಸ್ಥೆ ಉದ್ಯಮಿಗಳ ವಿರುದ್ಧ ಮಾತು ಸಹಿಸೀತೇ ಎಂದು ಪತ್ರಿಕೆಗಳು ಕೇಳಿದವು. ಆ ಕಳಂಕದ ನೆನಪು ಮಾಸುವ ಮುನ್ನವೇ, 1899ರಲ್ಲಿ, ಅಲ್ಲಿಯ ಅಧ್ಯಾಪಕರು ಒಂದು ನಿರ್ಣಯ ಮಾಡಿದರು: ಸಾರ್ವಜನಿಕ ವಿವಾದಗಳಲ್ಲಿ ವಿಶ್ವವಿದ್ಯಾಲಯ ಯಾವ ಪಕ್ಷದ ವಾದಿಯೂ ಅಲ್ಲ, ಅಧ್ಯಾಪಕ ಆಡಿದ ಮಾತು ಅಧ್ಯಾಪಕನದೇ. ಗಮನಿಸಿ, ಸಂಸ್ಥೆ ಸುಮ್ಮನಿರಬೇಕು ಎಂಬ ನಿಯಮ ಹುಟ್ಟಿದ್ದು ಮೇಷ್ಟರು ಮಾತಾಡಲಿ ಎಂದು.

ಇದರ ವಿರುದ್ಧ ದಿಕ್ಕಿಗೆ ಹೋದರೆ ಏನಾಗುತ್ತದೆ ಎಂದು 1917ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ತೋರಿಸಿತು. ಅಮೆರಿಕ ಮಹಾಯುದ್ಧಕ್ಕೆ ಇಳಿದ ಮೇಲೆ ಅದರ ಅಧ್ಯಕ್ಷ ನಿಕೊಲಸ್ ಮರ್ರಿ ಬಟ್ಲರ್ ಸಂಸ್ಥೆಯನ್ನೇ ಯುದ್ಧದ ಪರ ನಿಲ್ಲಿಸಿದರು. ಭಿನ್ನವಾಗಿ ಮಾತಾಡಿದ ಇಬ್ಬರು ಪ್ರಾಧ್ಯಾಪಕರನ್ನು ತೆಗೆದರು. ಆಗ ರಾಜೀನಾಮೆ ಕೊಟ್ಟು ಹೊರನಡೆದವರು ಇತಿಹಾಸಕಾರ ಚಾರ್ಲ್ಸ್ ಬಿಯರ್ಡ್. ಅವರು ಸ್ವತಃ ಯುದ್ಧದ ಪರ ಇದ್ದವರು! ತಾನು ಒಪ್ಪುವ ಮಾತನ್ನೇ ಸಂಸ್ಥೆ ಹೇಳಿದರೂ, ಒಪ್ಪದವನನ್ನು ಅದು ಉಳಿಸಿಕೊಳ್ಳದೆ ಹೋದರೆ ತನಗೆ ಅಲ್ಲಿ ಜಾಗವಿಲ್ಲ ಎಂದು ಹೊರಟ ಮನುಷ್ಯ ಅವರು. ಈ ಒಂದು ಗುಣಕ್ಕೆ ನಾನು ಎಷ್ಟು ಗೌರವ ಕೊಟ್ಟರೂ ಕಡಿಮೆ.

ಮತ್ತೆ 1967ಕ್ಕೆ. ಏಳು ಜನರಲ್ಲಿ ನನಗೆ ಪ್ರಿಯರಾದವರು ಜಾನ್ ಹೋಪ್ ಫ್ರಾಂಕ್ಲಿನ್. ಕಪ್ಪು ಅಮೆರಿಕನ್ನರ ಇತಿಹಾಸವನ್ನು 1947ರಲ್ಲೇ ದೊಡ್ಡ ಗ್ರಂಥವಾಗಿ ಬರೆದವರು. ಅವರು ಆರು ವರ್ಷದ ಹುಡುಗನಾಗಿದ್ದಾಗ, 1921ರಲ್ಲಿ, ಟಲ್ಸಾ ನಗರದ ಕಪ್ಪು ಜನರ ಬಡಾವಣೆಗೆ ಬಿಳಿಯರ ಗುಂಪು ಬೆಂಕಿಯಿಟ್ಟಿತು; ಅಲ್ಲಿದ್ದ ತಂದೆಯ ವಕೀಲಿ ಕಚೇರಿಯೂ ಸುಟ್ಟುಹೋಯಿತು. ಮುಂದೆ ಸಂಶೋಧನೆಗೆಂದು ರಾಲಿ ನಗರದ ಪತ್ರಾಗಾರಕ್ಕೆ ಹೋದರೆ, ಬಿಳಿಯರ ಜತೆ ಕೂರುವಂತಿಲ್ಲ ಎಂದು ಅವರಿಗೆ ಬೇರೆ ಕೋಣೆ. ಕಡತ ತಂದುಕೊಡಲು ಬಿಳಿಯ ನೌಕರರು ಒಪ್ಪಬೇಕಲ್ಲ, ಅದಕ್ಕೆ ದಾಸ್ತಾನು ಕೋಣೆಯ ಬೀಗದಕೈಯನ್ನೇ ಕೊಟ್ಟರು. ಬೇಕಾದ ಕಡತ ಬೇಕಾದಾಗ ತೆಗೆದುಕೊಳ್ಳುವ ಆ ಅನುಕೂಲ ನೋಡಿ ಬಿಳಿಯ ಸಂಶೋಧಕರು ದೂರು ಕೊಟ್ಟರಂತೆ. ಶಾಲೆಗಳಲ್ಲಿ ವರ್ಣಭೇದ ಮುಗಿಸಿದ ಬ್ರೌನ್ ಮೊಕದ್ದಮೆಗೆ ಇತಿಹಾಸದ ಆಧಾರ ಒದಗಿಸಿದ ವಿದ್ವಾಂಸರಲ್ಲಿ ಅವರಿದ್ದರು. 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾಂಟ್‌ಗೊಮರಿಗೆ ನಡೆದಾಗ ಇತರ ಇತಿಹಾಸಕಾರರ ಜತೆ ಇವರೂ ಹೆಜ್ಜೆ ಹಾಕಿದರು. ಎರಡು ವರ್ಷ ಕಳೆದು, ಅದೇ ಫ್ರಾಂಕ್ಲಿನ್, ವಿಶ್ವವಿದ್ಯಾಲಯ ರಾಜಕೀಯ ನಿಲುವು ತಳೆಯಬಾರದು ಎಂಬ ವರದಿಗೆ ಸಹಿ ಹಾಕಿದರು.

ಇನ್ನೊಬ್ಬರು ಭೂಗೋಳಶಾಸ್ತ್ರಜ್ಞ ಗಿಲ್ಬರ್ಟ್ ವೈಟ್. ಕ್ವೇಕರ್ ಪಂಥದವರು, ಆಯುಧ ಮುಟ್ಟುವುದಿಲ್ಲ ಎಂದು ಎರಡನೇ ಮಹಾಯುದ್ಧದಲ್ಲಿ ಸೈನ್ಯ ಸೇರದೆ, ಫ್ರಾನ್ಸಿಗೆ ಹೋಗಿ ನಿರಾಶ್ರಿತರ ಸೇವೆಗೆ ನಿಂತು, ಜರ್ಮನರ ಬಂಧನ ಅನುಭವಿಸಿ ಬಂದವರು. ಮೆಕಾಂಗ್ ನದಿ ಕಣಿವೆಯನ್ನು ಓಡಾಡಿ ಅಧ್ಯಯನ ಮಾಡಿದ್ದರು. ಆ ನದಿಯ ನೀರನ್ನು ಹಂಚಿಕೊಳ್ಳುವ ಯೋಜನೆಯಿಂದ ವಿಯೆಟ್ನಾಮಿನಲ್ಲಿ ಶಾಂತಿಯ ದಾರಿ ಸಿಕ್ಕೀತು ಎಂದು ತಮ್ಮದೇ ಹೆಸರಿನಲ್ಲಿ ಬರೆದಿದ್ದರು. ಯುದ್ಧವನ್ನು ಧರ್ಮದಿಂದಲೇ ಒಪ್ಪದ ಮನುಷ್ಯನೂ ವಿಶ್ವವಿದ್ಯಾಲಯದ ಹೆಸರಿನಲ್ಲಿ ಯುದ್ಧವಿರೋಧ ಬೇಡ ಅಂದರು.

ಕಾಲ್ವೆನ್ ಕೂಡ ಬರೀ ತರಗತಿಯ ಮೇಷ್ಟರಲ್ಲ. ಅಶ್ಲೀಲ ಮಾತಾಡಿದ ಎಂದು ಷಿಕಾಗೊದಲ್ಲಿ ಶಿಕ್ಷೆಗೊಳಗಾದ ಹಾಸ್ಯಗಾರ ಲೆನ್ನಿ ಬ್ರೂಸ್ ಪರ ಮೇಲ್ಮನವಿಯಲ್ಲಿ ಕೆಲಸ ಮಾಡಿದವರು. ಐವತ್ತರ ದಶಕದಲ್ಲಿ ಅವರಿದ್ದ ಸಂಶೋಧನಾ ತಂಡ ನ್ಯಾಯಾಧೀಶರ ಒಪ್ಪಿಗೆ ಪಡೆದೇ ವಿಚಿಟಾ ನಗರದಲ್ಲಿ ಜ್ಯೂರಿಗಳ ಗುಪ್ತ ಚರ್ಚೆಯನ್ನು ಧ್ವನಿಮುದ್ರಿಸಿತ್ತು. ವಿಷಯ ಹೊರಬಿದ್ದು ಸೆನೆಟ್ ವಿಚಾರಣೆಯನ್ನು ಎದುರಿಸಬೇಕಾಯಿತು. ರಾಜಕಾರಣಿಗಳು ವಿದ್ವಾಂಸನ ಕೊರಳಪಟ್ಟಿ ಹಿಡಿದರೆ ಹೇಗಿರುತ್ತದೆ ಎಂದು ಅವರಿಗೆ ಗೊತ್ತಿತ್ತು.

ಇಂಥವರು ಕೂಡಿ ಬರೆದ ವರದಿಯ ಸಾರ ಇಷ್ಟು. ವಿಮರ್ಶೆ ಮಾಡಬೇಕಾದವರು ಅಧ್ಯಾಪಕರು, ವಿದ್ಯಾರ್ಥಿಗಳು. ವಿಶ್ವವಿದ್ಯಾಲಯ ಅವರಿಗೆ ಮನೆ, ತಾನೇ ವಿಮರ್ಶಕನಲ್ಲ. ಬಹುಮತದಿಂದ ಒಂದು ನಿಲುವು ತಳೆದರೆ ಒಪ್ಪದವರ ಸ್ವಾತಂತ್ರ್ಯಕ್ಕೆ ಪೆಟ್ಟು ಬೀಳುತ್ತದೆ. ಆ ಪೆಟ್ಟು ಬೀಳದಂತೆ ಒಟ್ಟು ನಿಲುವಿಗೆ ಬರುವ ದಾರಿಯೇ ಇಲ್ಲ. ಎರಡು ವಿನಾಯಿತಿ. ವಿಶ್ವವಿದ್ಯಾಲಯದ ಕಲಿಕೆ, ಸಂಶೋಧನೆ, ಸ್ವಾತಂತ್ರ್ಯದ ಮೇಲೇ ಯಾರಾದರೂ ಕೈಹಾಕಿದರೆ ಅದು ಸುಮ್ಮನಿರಬಾರದು, ಎದುರು ನಿಲ್ಲಲೇಬೇಕು. ಎರಡನೆಯದು, ಆಸ್ತಿ ಇಟ್ಟುಕೊಂಡ, ಹಣ ಪಡೆಯುವ, ಗೌರವ ಪ್ರದಾನ ಮಾಡುವ ಸಂಸ್ಥೆಯಾಗಿ ಅದು ಮಾಡುವ ಕೆಲಸ ಸಮಾಜದ ಅತಿ ಮುಖ್ಯ ಮೌಲ್ಯಗಳಿಗೇ ವಿರುದ್ಧವಾದ ಅಪರೂಪದ ಸಂದರ್ಭದಲ್ಲಿ, ಪರಿಣಾಮಗಳನ್ನು ತೂಗಿ ನೋಡಬೇಕು.

ಈ ಎರಡನೆಯದು ಗಾಳಿಯಲ್ಲಿ ಹುಟ್ಟಿದ್ದಲ್ಲ. 1962ರಲ್ಲಿ, ವಿಶ್ವವಿದ್ಯಾಲಯದ್ದೇ ಬಾಡಿಗೆ ಮನೆಗಳಲ್ಲಿ ಕಪ್ಪು ಜನರಿಗೆ ಮನೆ ಕೊಡುವುದಿಲ್ಲ ಎಂದು ಪರೀಕ್ಷಿಸಿ ತಿಳಿದ ವಿದ್ಯಾರ್ಥಿಗಳು ಬೀಡಲ್ ಅವರ ಕಚೇರಿಯ ಹೊರಗೆ ಧರಣಿ ಕೂತಿದ್ದರು. ಮುಂದೆ ಸೆನೆಟರ್ ಆದ ಬರ್ನಿ ಸ್ಯಾಂಡರ್ಸ್ ಅವರಲ್ಲೊಬ್ಬ. ವಿಶ್ವವಿದ್ಯಾಲಯ ಬರೀ ಜ್ಞಾನದ ಮನೆಯಲ್ಲ, ಮನೆಯೊಡೆಯ ಕೂಡ ಎಂಬುದು ಆ ಊರಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ಎರಡನೇ ವಿನಾಯಿತಿಗೇ ತಕರಾರು ಎದ್ದದ್ದು. ಏಳನೆಯವರು ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್, 1982ರಲ್ಲಿ ನೊಬೆಲ್ ಪಡೆಯಲಿದ್ದವರು. ಉಳಿದದ್ದೆಲ್ಲ ಒಪ್ಪಿಗೆ, ಆ ಒಂದು ಭಾಗ ಮಾತ್ರ ಆಗದು ಅಂದರು. ಉದ್ಯೋಗ ಕೊಡುವಾಗ, ಆಸ್ತಿ ನೋಡಿಕೊಳ್ಳುವಾಗ ವಿಶ್ವವಿದ್ಯಾಲಯ ಮರ್ಯಾದೆಯಿಂದ ನಡೆದುಕೊಳ್ಳಲಿ, ಆದರೆ ಯಾವುದೇ ನೈತಿಕ, ರಾಜಕೀಯ ಮೌಲ್ಯವನ್ನು ಬೆಳೆಸಲು ಅದನ್ನು ಬಳಸಬಾರದು ಎಂದು ಬೇರೆ ಟಿಪ್ಪಣಿ ಬರೆದರು. ಸಮಿತಿ ಅದನ್ನು ವರದಿಯ ಕೊನೆಗೆ ಹಾಗೆಯೇ ಅಚ್ಚು ಹಾಕಿಸಿತು. ಸ್ಟಿಗ್ಲರ್ ಮಾತನ್ನು ನಾನು ಒಪ್ಪುವುದಿಲ್ಲ. ಕಪ್ಪು ಬಾಡಿಗೆದಾರನನ್ನು ಬಾಗಿಲಲ್ಲಿ ನಿಲ್ಲಿಸಿ ನಾನು ತಟಸ್ಥ ಅನ್ನಲು ಬರುವುದಿಲ್ಲ. ಆದರೆ ಆ ಟಿಪ್ಪಣಿಗೆ ಜಾಗ ಕೊಟ್ಟ ಆರು ಜನರನ್ನು ನೆನೆದರೆ ಮನಸ್ಸು ತುಂಬುತ್ತದೆ. ಇವತ್ತು ಹೊರಬೀಳುವ ವಿಭಾಗಗಳ ಹೇಳಿಕೆಗಳಲ್ಲಿ ಒಪ್ಪದವನ ನಾಲ್ಕು ಸಾಲಿಗೆ ಎಲ್ಲಿದೆ ಎಡೆ?

ಮುಂದಿನ ದಶಕಗಳ ಕಥೆ ಆ ಎರಡನೇ ವಿನಾಯಿತಿಯ ಸುತ್ತಲೇ ತಿರುಗಿತು. ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ಕಾಲದಲ್ಲಿ ಅಲ್ಲಿ ವ್ಯವಹಾರವಿದ್ದ ಕಂಪನಿಗಳ ಷೇರುಗಳನ್ನು ಕೊಲಂಬಿಯಾ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ಮಾರಲು ಹೊರಟವು, ಷಿಕಾಗೊ ಮಾರಲಿಲ್ಲ. 2007ರಲ್ಲಿ ದಾರ್ಫುರ್ ಹತ್ಯಾಕಾಂಡದ ಹೊತ್ತಿಗೂ ಸೂಡಾನ್ ಸಂಬಂಧದ ಹೂಡಿಕೆ ಬಿಡಲಿಲ್ಲ. ಅಪರೂಪದ ಸಂದರ್ಭ ಎಂದು ಆರು ಜನ ಬರೆದದ್ದು ಆ ಆಡಳಿತಕ್ಕೆ ಕಣ್ಣಿಗೇ ಬೀಳಲಿಲ್ಲ. ಕಾಗದದ ಮೇಲೆ ಗೆದ್ದವರು ಆರು ಮಂದಿ, ನಡೆದುಬಂದದ್ದು ಸ್ಟಿಗ್ಲರ್ ಮಾತು.

ಆಮೇಲೆ ಜಗಳ ವಿಭಾಗಗಳಿಗೆ ಇಳಿಯಿತು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆಯ ನಂತರ ಷಿಕಾಗೊದ ಇಂಗ್ಲಿಷ್ ವಿಭಾಗ ಕಪ್ಪು ಜನರ ಹೋರಾಟಕ್ಕೆ ಬೆಂಬಲದ ಹೇಳಿಕೆ ಹಾಕಿತು. ಜತೆಗೆ, ಆ ಸಾಲಿನ ಪಿಎಚ್.ಡಿ. ಪ್ರವೇಶಕ್ಕೆ ಕಪ್ಪು ಜನರ ಅಧ್ಯಯನದಲ್ಲಿ ಕೆಲಸ ಮಾಡುವವರನ್ನು ಮಾತ್ರ ಪರಿಗಣಿಸುತ್ತೇವೆ ಎಂದಿತು. ಅಧ್ಯಕ್ಷ ರಾಬರ್ಟ್ ಝಿಮ್ಮರ್ ಅದೇ ವರ್ಷ, 1967ರ ನಿಯಮ ವಿಭಾಗಗಳಿಗೂ ಅನ್ವಯ ಎಂದು ಸ್ಪಷ್ಟಪಡಿಸಿದರು. 2021ರ ಮೇನಲ್ಲಿ ಗಾಜಾದ ಮೇಲೆ ಬಾಂಬು ಬಿದ್ದಾಗ ನೂರಕ್ಕೂ ಹೆಚ್ಚು ಲಿಂಗತ್ವ ಅಧ್ಯಯನ ವಿಭಾಗಗಳು ಪ್ಯಾಲೆಸ್ಟೀನ್ ಪರ ಒಂದೇ ಹೇಳಿಕೆಗೆ ಸಹಿ ಹಾಕಿದವು. 2023ರ ಅಕ್ಟೋಬರ್ 7ರ ನಂತರ ಬಾರ್ನಾರ್ಡ್ ಕಾಲೇಜಿನ ಅಂಥದೇ ವಿಭಾಗ ತನ್ನ ವೆಬ್‌ಸೈಟಿನಲ್ಲಿ ಹಾಕಿದ್ದನ್ನು ಆಡಳಿತ ತೆಗೆಸಿತು. 2024ರ ಮೇನಲ್ಲಿ ಹಾರ್ವರ್ಡ್, ತನ್ನ ಮೂಲ ಕೆಲಸಕ್ಕೆ ಸೇರದ ಸಂಗತಿಗಳ ಬಗ್ಗೆ ಹೇಳಿಕೆ ಕೊಡುವುದಿಲ್ಲ ಎಂದಿತು. ಜುಲೈನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ವಿಭಾಗಗಳ ಮುಖಪುಟದಲ್ಲಿ ರಾಜಕೀಯ ಹೇಳಿಕೆ ಬೇಡ, ಬೇರೆ ಪುಟದಲ್ಲಿ ಇದು ವಿಶ್ವವಿದ್ಯಾಲಯದ ಅಭಿಪ್ರಾಯವಲ್ಲ ಎಂಬ ಒಕ್ಕಣೆಯೊಡನೆ ಹಾಕಬಹುದು ಎಂದು ನಿಯಮ ಮಾಡಿತು.

ಗಾಜಾದಲ್ಲಿ ಸತ್ತ ಮಕ್ಕಳಿಗಾಗಿ ಅಧ್ಯಾಪಕರು ಎದೆ ಬಿರಿಯುವಂತೆ ಕೂಗಿದರೆ ನಾನು ಅವರ ಜತೆ. ಅಕ್ಟೋಬರ್ 7ರಂದು ಕೊಲೆಯಾದ ಇಸ್ರೇಲಿಗಳಿಗಾಗಿ ಅತ್ತವರ ಜತೆಯೂ. ಆದರೆ ವಿಭಾಗ ಎಂದರೆ ಏನು? ಅಂಕ ಕೊಡುವುದು ವಿಭಾಗ. ಪ್ರಬಂಧಕ್ಕೆ ಮಾರ್ಗದರ್ಶಕರನ್ನು ಕೊಡುವುದು, ಶಿಫಾರಸು ಪತ್ರಕ್ಕೆ ಸಹಿ ಹಾಕುವುದು ವಿಭಾಗ. ಕಾಯಂ ಆಗಲು ವರ್ಷಗಟ್ಟಲೆ ಕಾಯುವ ಕಿರಿಯ ಅಧ್ಯಾಪಕಿಯ ಹಣೆಬರಹಕ್ಕೆ ಮತ ಹಾಕುವುದು ಅದೇ ವಿಭಾಗದ ಹಿರಿಯರು. ಹೇಳಿಕೆಯ ಕರಡು ಮೇಜಿನ ಮೇಲೆ ಬಂದಾಗ ಆಕೆ ಬೇಡ ಅನ್ನುವುದು ಹೇಗೆ? ಅಧ್ಯಕ್ಷನ ಹೇಳಿಕೆ ದೂರದ ಗುಡುಗು. ವಿಭಾಗದ ಹೇಳಿಕೆ ಮಗ್ಗುಲಲ್ಲೇ ಕೂತು ನೀನೇನು ಅನ್ನುತ್ತೀಯ ಎಂದು ಕೇಳುತ್ತದೆ. ಹದಿನೈದು ಮಂದಿ ತಮ್ಮ ಹದಿನೈದು ಹೆಸರು ಹಾಕಿ ಅದೇ ಮಾತು ಬರೆದರೆ ಒಂದಕ್ಷರವೂ ಕಡಿಮೆಯಾಗದು. ಬರೆಯದ ಹದಿನಾರನೆಯವಳು ನೆಮ್ಮದಿಯಿಂದ ಪಾಠಕ್ಕೆ ಹೋದಾಳು.

ನನಗೆ ಸಿಟ್ಟು ಬರುವುದು ಇನ್ನೊಂದು ಕಡೆಯ ಮೇಲೂ. 1969ರಲ್ಲಿ ಷಿಕಾಗೊದ ಆಡಳಿತ ಕಟ್ಟಡವನ್ನು ವಿದ್ಯಾರ್ಥಿಗಳು ಎರಡು ವಾರ ಹಿಡಿದು ಕೂತರು. ಅಧ್ಯಕ್ಷ ಎಡ್ವರ್ಡ್ ಲೀವೈ ಆಮೇಲೆ ಹಲವರನ್ನು ಹೊರಹಾಕಿದ್ದು ನಿಜ, ಆದರೆ ಪೊಲೀಸರನ್ನು ಕರೆಯಲಿಲ್ಲ. 2024ರ ಮೇ 7ರ ಬೆಳಗಿನ ಜಾವ ಅದೇ ಆವರಣದಲ್ಲಿ ಪ್ಯಾಲೆಸ್ಟೀನ್ ಪರ ಡೇರೆ ಹಾಕಿದ್ದವರನ್ನು ಪೊಲೀಸರು ಎಬ್ಬಿಸಿದರು. ವಿದ್ಯಾರ್ಥಿಗಳ ಬೇಡಿಕೆ ಒಪ್ಪದಿರುವುದಕ್ಕೆ ಆಡಳಿತ ಕೊಟ್ಟ ಕಾರಣ ತಟಸ್ಥತೆ. ವಿದ್ಯಾರ್ಥಿಗೆ ಬಾಯಿ ಇರಲಿ ಎಂದು ಬರೆದ ಪುಟಗಳು ಆ ಬಾಯಿಗೇ ಅಡ್ಡ ಬಂದವು. 2025ರ ಏಪ್ರಿಲ್‌ನಲ್ಲಿ ಮಾತ್ರ ಮೊದಲ ವಿನಾಯಿತಿಗೆ ಜೀವ ಬಂತು: ನೇಮಕ, ಪ್ರವೇಶ, ಪಾಠಗಳಲ್ಲೆಲ್ಲ ಕೈಹಾಕಲು ಬಂದ ಟ್ರಂಪ್ ಸರ್ಕಾರಕ್ಕೆ ಹಾರ್ವರ್ಡ್ ಆಗದು ಅಂದಿತು, 220 ಕೋಟಿ ಡಾಲರ್ ಅನುದಾನಕ್ಕೆ ತಡೆ ಬಿದ್ದಾಗ ಕೋರ್ಟಿಗೆ ಹೋಯಿತು. ಸಂಸ್ಥೆ ಸಂಸ್ಥೆಯಾಗಿ ಮಾತಾಡಬೇಕಾದದ್ದು ಇಂಥಲ್ಲಿ.

ಕಾಲ್ವೆನ್ ಸಮಿತಿ ಕೂತಿದ್ದ ಆ ದಿನಗಳಲ್ಲಿ ಅದೇ ಷಿಕಾಗೊದಲ್ಲಿ ಮೈಸೂರಿನ ಎ.ಕೆ. ರಾಮಾನುಜನ್ ಪಾಠ ಹೇಳುತ್ತಿದ್ದರು. ಮುಂದೆ ಅವರು ಬರೆದ ಮುನ್ನೂರು ರಾಮಾಯಣಗಳ ಪ್ರಬಂಧ ದೆಹಲಿ ವಿಶ್ವವಿದ್ಯಾಲಯದ ಇತಿಹಾಸ ಪಠ್ಯದಲ್ಲಿ ಸೇರಿತು. 2008ರಲ್ಲಿ ಅದಕ್ಕಾಗಿ ಇತಿಹಾಸ ವಿಭಾಗದ ಮೇಲೆ ದಾಳಿಯಾಯಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ನಾಲ್ವರು ತಜ್ಞರನ್ನು ಕೇಳಿದಾಗ ಮೂವರು ಪ್ರಬಂಧದಲ್ಲಿ ತಪ್ಪಿಲ್ಲ ಅಂದರು. ಆದರೂ 2011ರ ಅಕ್ಟೋಬರಿನಲ್ಲಿ ಅಕಾಡೆಮಿಕ್ ಕೌನ್ಸಿಲ್ ಅದನ್ನು ತೆಗೆದುಹಾಕಿತು. ಇತಿಹಾಸ ವಿಭಾಗ ಆಗ ಪ್ರಬಂಧ ಉಳಿಯಲಿ ಎಂದು ವಿಭಾಗವಾಗಿಯೇ ನಿಂತಿತ್ತು, ನಿಲ್ಲಬೇಕಾದದ್ದೂ ಸರಿ: ಅದು ದೂರದ ಯುದ್ಧವಲ್ಲ, ಅವರು ನಾಳೆ ತರಗತಿಯಲ್ಲಿ ಏನು ಓದಿಸುತ್ತಾರೆ ಎಂಬ ಪ್ರಶ್ನೆ. ಕೌನ್ಸಿಲಿನಲ್ಲಿ ಭಿನ್ನಮತ ದಾಖಲಿಸಿದವರು ಕೆಲವೇ ಮಂದಿ. ಹೊರಗೆ, ಆ ತಿಂಗಳೇ, ಅಧ್ಯಾಪಕರೂ ವಿದ್ಯಾರ್ಥಿಗಳೂ ಪ್ರಬಂಧ ವಾಪಸು ಬರಲಿ ಎಂದು ಮೆರವಣಿಗೆ ಹೊರಟರು.